ಹಿಮಾಲಯದ ಬಂಡೆ ಯಾವಾಗ ತಣ್ಣಗಾಯಿತು? ಅಲಕನಂದಾ ಕಣಿವೆಯಲ್ಲಿ ನನ್ನ ಅನುಭವ

ಹಿಮಾಲಯದ ವಯಸ್ಸೆಷ್ಟು ಎಂದು ಕೇಳಿದರೆ ಪ್ರಯೋಗಾಲಯ ಉತ್ತರ ಕೊಡುವುದಿಲ್ಲ. ಅದು ಹೇಳುವುದು ಇಷ್ಟೇ: ಈ ಜಾಗದ ಈ ಖನಿಜ ಇಂತಿಷ್ಟು ಉಷ್ಣಾಂಶಕ್ಕಿಂತ ಕೆಳಗಿಳಿದು ಇಷ್ಟು ಕಾಲವಾಯಿತು. ಗಢವಾಲದ ಅಲಕನಂದಾ ಕಣಿವೆಯಲ್ಲಿ ನಾನು ನೆಚ್ಚಿಕೊಂಡದ್ದು ಅಪಟೈಟ್ ಫಿಶನ್ ಟ್ರ್ಯಾಕ್ ವಿಧಾನ. ಅಪಟೈಟ್ ಹರಳಿನೊಳಗಿನ ಯುರೇನಿಯಂ-238 ಪರಮಾಣು ತಾನಾಗಿ ಒಡೆದಾಗ ಸುಮಾರು 16 ಮೈಕ್ರಾನ್ ಉದ್ದದ ಗೀರು ಬೀಳುತ್ತದೆ. ಬಂಡೆ 120 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿದ್ದರೆ ಗೀರು ಮಾಸಿಹೋಗುತ್ತದೆ, 60ಕ್ಕಿಂತ ತಣ್ಣಗಾದರೆ ಉಳಿಯುತ್ತದೆ. ಗೀರು ಎಣಿಸಿ, ಯುರೇನಿಯಂ ಅಳೆದರೆ ವಯಸ್ಸು ಸಿಗುತ್ತದೆ.

ಮೊದಲ ಕೆಲಸ ನಕ್ಷೆ. ಚಮೋಲಿಯಿಂದ ಮೇಲಕ್ಕೆ ಹೋದಂತೆ ಸುಣ್ಣಕಲ್ಲು, ಕ್ವಾರ್ಟ್ಜೈಟ್ ಮುಗಿದು ಹೆಲಂಗ್ ಬಳಿ ಮುನ್ಸಿಯಾರಿ ಥ್ರಸ್ಟ್ ದಾಟುತ್ತೇವೆ. ಥ್ರಸ್ಟ್ ಎಂದರೆ ಒಂದು ಬಂಡೆರಾಶಿ ಇನ್ನೊಂದರ ಮೇಲೆ ಜಾರಿ ಏರಿದ ಬಿರುಕು. ಜೋಶಿಮಠದ ಆಸುಪಾಸಿನಲ್ಲಿ ವೈಕೃತ ಥ್ರಸ್ಟ್. ಸ್ವಿಸ್ ಭೂವಿಜ್ಞಾನಿಗಳಾದ ಹೈಮ್ ಮತ್ತು ಗಾನ್ಸರ್ 1936ರಲ್ಲಿ ಇಲ್ಲೆಲ್ಲ ಓಡಾಡಿ ಮೇನ್ ಸೆಂಟ್ರಲ್ ಥ್ರಸ್ಟ್ (ಎಂಸಿಟಿ) ಎಂದು ಕರೆದದ್ದರ ನಿಜವಾದ ಗಡಿ ಮೇಲಿನ ವೈಕೃತವೇ ಎಂದು ವಾದಿಸಿದವರು ಭೂವಿಜ್ಞಾನಿ ಕೆ. ಎಸ್. ವಾಲ್ದಿಯಾ. ಕುಮಾವೂಂ ಬೆಟ್ಟಗಳನ್ನು ಕಾಲ್ನಡಿಗೆಯಲ್ಲಿ ಅಳೆದ ಅವರು ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿದ್ದರು. ಗಡಿ ಯಾವುದೆಂಬ ಜಗಳ ಇನ್ನೂ ಮುಗಿದಿಲ್ಲ. ಹಾಗಾಗಿ ಮಾದರಿಯ ಚೀಲದ ಮೇಲೆ 'ಎಂಸಿಟಿಯ ಮೇಲೆ' ಎಂದು ಬರೆಯುವ ಅಭ್ಯಾಸ ಒಳ್ಳೆಯದಲ್ಲ. ಯಾವ ಥ್ರಸ್ಟ್‌ನಿಂದ ಎಷ್ಟು ಮೀಟರ್ ಎಂದೇ ಬರೆಯಬೇಕು.

ಮಾದರಿ ಎಂದರೆ 4–5 ಕಿಲೋ ಹವೆಗೆ ಸವೆಯದ ನೈಸ್ (ಪಟ್ಟೆಪಟ್ಟೆಯಾದ ರೂಪಾಂತರ ಶಿಲೆ) ಅಥವಾ ಗ್ರಾನೈಟ್. ಶುದ್ಧ ಕ್ವಾರ್ಟ್ಜೈಟ್, ಸುಣ್ಣಕಲ್ಲು ಹೊತ್ತು ತಂದರೆ ಬೆನ್ನುನೋವಷ್ಟೇ ಲಾಭ, ಅವುಗಳಲ್ಲಿ ಅಪಟೈಟ್ ಸಿಗುವುದೇ ಅಪರೂಪ. ರಸ್ತೆ ಅಗಲಿಸಲು ಕಡಿದ ಹೊಸ ಮೈ ಸಿಕ್ಕರೆ ಬಿಡಬೇಡಿ. ಆದರೆ ಜೋಶಿಮಠ ನಿಂತಿರುವುದೇ ಹಳೆಯ ಭೂಕುಸಿತದ ರಾಶಿಯ ಮೇಲೆ. ಅಲ್ಲಿ ಮನೆಯಷ್ಟು ದೊಡ್ಡ ಗುಂಡು ಕೂಡ ಮೇಲಿನಿಂದ ಉರುಳಿ ಬಂದದ್ದಿರಬಹುದು. ಅದರ ಎತ್ತರವೂ ಸುಳ್ಳು, ಪದರದ ಇಳಿಜಾರೂ ಸುಳ್ಳು. ಸುತ್ತಲಿನ ನಾಲ್ಕಾರು ಕಡೆ ಇಳಿಜಾರು ಅಳೆದು, ಒಂದಕ್ಕೊಂದು ತಾಳೆಯಾದರೆ ಮಾತ್ರ ಸುತ್ತಿಗೆ ಎತ್ತುತ್ತೇನೆ. ಚೀಡ್ ಕಾಡಿನಲ್ಲಿ ಬೇಸಿಗೆಯ ಬೆಂಕಿ ಬಂಡೆಯ ಹೊರಮೈಯ ಗೀರುಗಳನ್ನು ಅಳಿಸಬಲ್ಲದು, ಆದ್ದರಿಂದ ಮೇಲಿನ ಕೆಲವು ಸೆಂಟಿಮೀಟರ್ ಕೆತ್ತಿ ಬಿಸಾಡಬೇಕು. ತಪೋವನ, ಬದರಿನಾಥದಂಥ ಬಿಸಿನೀರ ಬುಗ್ಗೆಗಳ ಹತ್ತಿರವೂ ಮಾದರಿ ಬೇಡ.

ಒಂದೇ ಥ್ರಸ್ಟ್ ಹಾಳೆಯೊಳಗೆ (ಎರಡು ಥ್ರಸ್ಟ್ ನಡುವಿನ ಬಂಡೆರಾಶಿ), ಆದಷ್ಟು ಕಡಿದಾದ ಇಳುಕಲಿನಲ್ಲಿ, 200–300 ಮೀಟರ್ ಎತ್ತರಕ್ಕೊಂದರಂತೆ ಮಾದರಿ ತೆಗೆದರೆ ವಯಸ್ಸು ಮತ್ತು ಎತ್ತರದ ಗೆರೆ ಎಳೆಯಬಹುದು. ಜಿಪಿಎಸ್ ಎತ್ತರ ಇಪ್ಪತ್ತು ಮೀಟರ್ ಆಚೀಚೆಯಾದರೆ ಚಿಂತೆಯಿಲ್ಲ. ಎಣಿಕೆಯ ದೋಷ ಅದಕ್ಕಿಂತ ಎಷ್ಟೋ ದೊಡ್ಡದು.

ಪುಡಿ ಮಾಡಿ, 75ರಿಂದ 250 ಮೈಕ್ರಾನ್ ಜರಡಿಯಲ್ಲಿ ಹಿಡಿದು, ನೀರು ಹರಿಯುವ ಅಲುಗಾಡುವ ಮೇಜು, ಆಮೇಲೆ ಕಾಂತ, ಆಮೇಲೆ ಭಾರದ್ರವ. ಬ್ರೋಮೋಫಾರ್ಮ್‌ನ ಸಾಂದ್ರತೆ 2.89, ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್ ತೇಲುತ್ತವೆ, 3.2ರ ಅಪಟೈಟ್ ಮುಳುಗುತ್ತದೆ. ಮುಂದೆ 3.3ರ ಮಿಥಿಲೀನ್ ಅಯೊಡೈಡ್‌ನಲ್ಲಿ ಅಪಟೈಟ್ ತೇಲಿ ಜಿರ್ಕಾನ್ ತಳ ಸೇರುತ್ತದೆ. ಜಿರ್ಕಾನನ್ನು ಎಸೆಯಬೇಡಿ, ಅದು ಇನ್ನೂ ಬಿಸಿಯಾಗಿದ್ದ ಕಾಲದ ಲೆಕ್ಕ ಕೊಡುತ್ತದೆ. ಕಾರ್ಬೊನೇಟ್ ಕಳೆಯಲು ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಅಪಟೈಟೂ ಕರಗುತ್ತದೆ. ತೆಳು ಅಸಿಟಿಕ್ ಆಮ್ಲ ಸಾಕು.

ಎಪಾಕ್ಸಿಯಲ್ಲಿ ಕೂರಿಸಿ ಹೊಳಪು ಕೊಟ್ಟ ಹರಳುಗಳನ್ನು 5.5 ಮೋಲಾರ್ ನೈಟ್ರಿಕ್ ಆಮ್ಲದಲ್ಲಿ, 21 ಡಿಗ್ರಿಯಲ್ಲಿ, 20 ಸೆಕೆಂಡ್ ಅದ್ದುತ್ತೇನೆ. ಬೇಸಿಗೆಯ ಕೋಣೆಯಲ್ಲಿ ಆಮ್ಲ 30 ಡಿಗ್ರಿ ದಾಟಿರುತ್ತದೆ, ಗೀರುಗಳು ಅತಿಯಾಗಿ ಹಿಗ್ಗುತ್ತವೆ. ಹಾಗಾಗಿ ನೀರಿನ ತೊಟ್ಟಿಯಲ್ಲಿ ಬಾಟಲಿ ಇಟ್ಟು ಉಷ್ಣಾಂಶ ಹಿಡಿಯದೆ ಕೆಲಸ ಶುರು ಮಾಡಬಾರದು. ಮೇಲೆ ಯುರೇನಿಯಂ ಇಲ್ಲದಷ್ಟು ಶುದ್ಧವಾದ ಅಭ್ರಕದ ಹಾಳೆ ಒತ್ತಿ ರಿಯಾಕ್ಟರ್‌ಗೆ ಕಳಿಸಬೇಕು; ಅಲ್ಲಿ ನ್ಯೂಟ್ರಾನ್ ತಗುಲಿ ಒಡೆದ ಯುರೇನಿಯಂ ಅಭ್ರಕದ ಮೇಲೆ ಬಿಡುವ ಗೀರುಗಳಿಂದಲೇ ಯುರೇನಿಯಂ ಎಷ್ಟೆಂದು ಅಳೆಯುವುದು. ಮರಳಿ ಬಂದ ಅಭ್ರಕವನ್ನು 40 ಪ್ರತಿಶತ ಹೈಡ್ರೋಫ್ಲೂರಿಕ್ ಆಮ್ಲದಲ್ಲಿ ಮುಕ್ಕಾಲು ಗಂಟೆ ಇಡಬೇಕು. ಪಾತ್ರೆ ಪ್ಲಾಸ್ಟಿಕ್ಕಿನದೇ ಇರಲಿ, ಕೈಗೆಟುಕುವಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಮುಲಾಮು ಇರಲೇಬೇಕು. ಮೆಕ್ಸಿಕೋದ ಡುರಾಂಗೊ ಅಪಟೈಟ್‌ನ ಗೊತ್ತಿರುವ ವಯಸ್ಸು 31.4 ದಶಲಕ್ಷ ವರ್ಷ. ಅದನ್ನು ಎಣಿಸಿ ಪ್ರತಿಯೊಬ್ಬರೂ ತಮ್ಮದೇ ಜೀಟಾ ಗುಣಾಂಕ (ಎಣಿಕೆಯನ್ನು ವಯಸ್ಸಿಗೆ ತಿರುಗಿಸುವ ಅಂಕಿ) ಕಟ್ಟಿಕೊಳ್ಳಬೇಕು, ಪಕ್ಕದವರದು ಎರವಲು ನಡೆಯದು.

ನಿಜವಾದ ಕಷ್ಟ ಎಣಿಕೆಯಲ್ಲಿದೆ. ಈ ಕಣಿವೆಯ ಮೇಲ್ಭಾಗದ ಬಂಡೆಗಳು ತೀರಾ ಎಳೆಯವು, ಕೆಲವೇ ದಶಲಕ್ಷ ವರ್ಷ. ಲೆಕ್ಕ ಹಾಕಿ ನೋಡಿ: ಹತ್ತು ಲಕ್ಷದಲ್ಲಿ 20 ಪಾಲು ಯುರೇನಿಯಂ ಇರುವ ಅಪಟೈಟ್ 2 ದಶಲಕ್ಷ ವರ್ಷದ ಹಿಂದೆ ತಣ್ಣಗಾಗಿದ್ದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 20,000 ಗೀರು. ನೂರು ಮೈಕ್ರಾನ್ ಚೌಕದಲ್ಲಿ ಎರಡು! 20 ಹರಳು ಎಣಿಸಿದರೆ ಒಟ್ಟು ನಲವತ್ತು ಗೀರು, ದೋಷ ಶೇ. 16, ಅರವತ್ತು ಹರಳಾದರೆ ಶೇ. 9ಕ್ಕೆ ಇಳಿಯುತ್ತದೆ. ಒಂದೂ ಗೀರಿಲ್ಲದ ಹರಳು ಕಂಡಾಗ 'ಇದರಲ್ಲೇನೂ ಇಲ್ಲ' ಎಂದು ಮುಂದೆ ಸರಿಯುವ ಮನಸ್ಸಾಗುತ್ತದೆ. ಹಾಗೆ ಬಿಟ್ಟರೆ ವಯಸ್ಸು ಏರುತ್ತದೆ; ಸೊನ್ನೆಯನ್ನೂ ಎಣಿಸಲೇಬೇಕು. ಹರಳಿನ ದೋಷಗೆರೆಗಳೂ ಆಮ್ಲದಲ್ಲಿ ಗೀರಿನಂತೆಯೇ ಕಾಣುತ್ತವೆ. ಅವು ಅಂಕುಡೊಂಕಾಗಿ, ಗುಂಪಾಗಿ, ಒಂದೇ ದಿಕ್ಕಿಗೆ ಇದ್ದರೆ ಬಿಡಿ. ಎರಡರ ಜಾಗದಲ್ಲಿ ನಾಲ್ಕು ಎಣಿಸಿದರೆ ವಯಸ್ಸು ದುಪ್ಪಟ್ಟು! ಹಿಂದಿನ ಮಾದರಿಯ ಒಂದು ಹಳೆಯ ಹರಳು ಜರಡಿಯಲ್ಲಿ ಉಳಿದಿದ್ದರೂ ಗತಿ ಅದೇ.

ವಯಸ್ಸನ್ನು ಬಂಡೆ ಮೇಲೇಳುವ ವೇಗಕ್ಕೆ ತಿರುಗಿಸುವಾಗ ಇನ್ನೊಂದು ಗುಂಡಿ. ಮಾಮೂಲಿ ಲೆಕ್ಕದಲ್ಲಿ ಗೀರು ಉಳಿಯತೊಡಗುವ 110 ಡಿಗ್ರಿಯಿಂದ ನೆಲದ 10 ಡಿಗ್ರಿ ಕಳೆದು, ಕಿಲೋಮೀಟರಿಗೆ 30 ಡಿಗ್ರಿ ಹಿಡಿದರೆ ಆಳ 3.3 ಕಿ.ಮೀ.; 2 ದಶಲಕ್ಷ ವರ್ಷಕ್ಕೆ ಹಂಚಿದರೆ ವರ್ಷಕ್ಕೆ 1.6 ಮಿ.ಮೀ.ಗೆ ತುಸು ಹೆಚ್ಚು. ಆದರೆ ಬಂಡೆ ವೇಗವಾಗಿ ಮೇಲೇಳುವಾಗ ಬಿಸಿಯನ್ನೂ ಹೊತ್ತು ತರುತ್ತದೆ. ಕಿಲೋಮೀಟರಿಗೆ 50 ಡಿಗ್ರಿ ಇದ್ದರೆ ಅದೇ ವಯಸ್ಸಿಗೆ ವೇಗ 1 ಮಿ.ಮೀ. ಮಾತ್ರ. ಆದ್ದರಿಂದ ನಾನು ಒಂದೇ ಸಂಖ್ಯೆ ಕೊಡುವುದಿಲ್ಲ, ಎರಡೂ ತುದಿ ಬರೆಯುತ್ತೇನೆ.

ಭಾಗೀರಥಿಯ ಮೂಲದಲ್ಲಿ ಗಂಗೋತ್ರಿ ಗ್ರಾನೈಟ್ ಹೆಪ್ಪುಗಟ್ಟಿದ್ದು ಸುಮಾರು 23 ದಶಲಕ್ಷ ವರ್ಷದ ಹಿಂದೆ, ಅಪಟೈಟ್ ಹೇಳುವುದು ಅದರ ಎಷ್ಟೋ ಆಮೇಲಿನ ಮಾತು. ಎರಡೂ ನಿಜವೇ. ವೈಕೃತದ ಎರಡೂ ಬದಿಗೆ ಅಪಟೈಟ್ ವಯಸ್ಸು ಒಂದೇ ಬಂದರೆ, ಆ ಬಂಡೆಗಳು ತಣ್ಣಗಾದ ಮೇಲೆ ಆ ಥ್ರಸ್ಟ್ ಹೇಳಿಕೊಳ್ಳುವಷ್ಟು ಜರುಗಿಲ್ಲ ಎಂದು ಧೈರ್ಯವಾಗಿ ಬರೆಯಬಹುದು. ವಯಸ್ಸು ಎಗರಿದರೆ ಮಾತ್ರ ಅವಸರ ಬೇಡ: ಒಂದು ಮಾದರಿ ಹೊಳೆಯಂಚಿನದು, ಇನ್ನೊಂದು ಸಾವಿರ ಮೀಟರ್ ಮೇಲಿನ ದಿಣ್ಣೆಯದು ಆಗಿದ್ದರೆ ಅಷ್ಟು ವ್ಯತ್ಯಾಸ ಎತ್ತರದಿಂದಲೇ ಬರುತ್ತದೆ. ಮೊದಲು ಎತ್ತರದ ಪಾಲನ್ನು ಕಳೆದು, ಆಮೇಲೆ ಥ್ರಸ್ಟ್‌ನ ಪಾಲು ಎಷ್ಟೆಂದು ನೋಡಬೇಕು.