ಬೆರಳಿನ ಗೆಣ್ಣಿನಲ್ಲಿ ಎಣಿಸಿದ ಕತ್ತಲೆ: ಒರ್ಲ್ಯಾಂಡೊದ ನಾಲ್ಕು ಒಳಾಂಗಣ ರೋಲರ್ ಕೋಸ್ಟರ್‌ಗಳು

ಆಗುಂಬೆ ಘಾಟಿಯಲ್ಲಿ ಬಸ್ಸು ಇಳಿಯುವಾಗ ಚಾಲಕನಿಗೆ ವಾಂತಿ ಬಂದದ್ದನ್ನು ನಾನು ಕಂಡಿಲ್ಲ. ಬರುವುದು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತವರಿಗೆ. ತಿರುವು ಚಾಲಕನ ಕಣ್ಣಿಗೆ ಮೊದಲೇ ಬಿದ್ದಿರುತ್ತದೆ, ಅವನ ಕುತ್ತಿಗೆ ಅದಕ್ಕೆ ಸಿದ್ಧವಾಗಿರುತ್ತದೆ. ನಮ್ಮ ಅತ್ತಿಗೆಯ ತವರು ತೀರ್ಥಹಳ್ಳಿ. ಈ ಮಾತನ್ನು ಅವರು ಎಷ್ಟೋ ಸಲ ಹೇಳಿದ್ದರು. ಒಳಾಂಗಣ ರೋಲರ್ ಕೋಸ್ಟರ್‌ಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕೆಂದು ಹೊರಟಾಗ ನನಗೆ ದಾರಿ ತೋರಿಸಿದ್ದು ಅದೇ ಮಾತು.

2024ರ ಸೆಪ್ಟೆಂಬರಿನಲ್ಲಿ ಅಣ್ಣ, ಅತ್ತಿಗೆ ಮತ್ತು ಅವರ ಹದಿನೈದು ವರ್ಷದ ಮಗ ಅಮೆರಿಕಕ್ಕೆ ಬಂದಿದ್ದರು. ನಾಲ್ಕು ದಿನ ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ಕಳೆಯುವುದೆಂದು ನಿಶ್ಚಯವಾಯಿತು. ಅಲ್ಲಿ ಆ ತಿಂಗಳು ಮಧ್ಯಾಹ್ನವಾದರೆ ಗುಡುಗು, ಮಿಂಚು, ಧೋ ಎಂದು ಮಳೆ. ಮಿಂಚು ಹತ್ತಿರ ಬಂದರೆ ಹೊರಗಿನ ಕೋಸ್ಟರ್‌ಗಳನ್ನು ನಿಲ್ಲಿಸಿಬಿಡುತ್ತಾರೆ, ಸೂರಿನ ಕೆಳಗಿನವು ನಡೆಯುತ್ತಲೇ ಇರುತ್ತವೆ. ಅಣ್ಣನ ಮಗನಿಗೆ ಬಿಡದಿಯ ವಂಡರ್‌ಲಾ ಬಾಯಿಪಾಠ. ಕತ್ತಲೆಯೊಳಗಿನ ಕೋಸ್ಟರ್ ಮಾತ್ರ ಅವನು ಹತ್ತಿರಲಿಲ್ಲ. ನಮ್ಮ ದೇಶದಲ್ಲಿ ಅಂಥದ್ದು ಬೇಕೆಂದರೆ ಮುಂಬೈ–ಪುಣೆ ನಡುವಿನ ಖೋಪೋಲಿಯಲ್ಲಿ ಇಮ್ಯಾಜಿಕಾದ 'ಡೀಪ್ ಸ್ಪೇಸ್' ಇದೆ. ಅದನ್ನು ಅವನಿನ್ನೂ ನೋಡಿಲ್ಲ.

ವೇಗ, ಎತ್ತರ, ಉದ್ದಗಳ ಪಟ್ಟಿ ಯಾರ ಕೈಗಾದರೂ ಸಿಗುತ್ತದೆ, ಆದರೆ ಒಳಾಂಗಣ ಕೋಸ್ಟರಿನ ವಿಷಯದಲ್ಲಿ ಆ ಪಟ್ಟಿ ದಾರಿ ತಪ್ಪಿಸುತ್ತದೆ. ಡಿಸ್ನಿಯವರ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನಲ್ಲಿರುವ ಸ್ಪೇಸ್ ಮೌಂಟನ್ ಎಂಬ ಒಳಾಂಗಣ ಕೋಸ್ಟರಿನ ಅತಿ ಹೆಚ್ಚಿನ ವೇಗ ಗಂಟೆಗೆ ಸುಮಾರು 45 ಕಿಲೋಮೀಟರ್. ನಮ್ಮೂರಿನ ಸ್ಕೂಟರ್ ಅದಕ್ಕಿಂತ ಜೋರಾಗಿ ಓಡುತ್ತದೆ. ಹಾಗಿದ್ದೂ 1975ರ ಜನವರಿಯಿಂದ ಇಂದಿನವರೆಗೆ ಜನ ಅದರೊಳಗೆ ಕಿರುಚುತ್ತಲೇ ಇದ್ದಾರೆ. ಏಕೆ ಎಂಬುದು ಗೊತ್ತಾಗಬೇಕಾದರೆ ಬೇರೆ ಅಳತೆಗೋಲು ಬೇಕಿತ್ತು.

ನಾನು ಮಾಡಿದ್ದು ಇಷ್ಟೇ. ಎಡಗೈಯಲ್ಲಿ ಕಂಬಿ ಹಿಡಿಯುವುದು, ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುವುದು. ನನ್ನ ಮೈ ಸಿದ್ಧವಿಲ್ಲದಾಗ ತಿರುವೋ ಇಳಿತವೋ ಬಂದು ಕುತ್ತಿಗೆ ವಾಲಿದರೆ, ಹೆಬ್ಬೆರಳನ್ನು ಒಂದು ಗೆಣ್ಣು ಮುಂದಕ್ಕೆ ಸರಿಸುವುದು. ಜಪ ಮಾಡುವವರು ಎಣಿಸುತ್ತಾರಲ್ಲ, ಹಾಗೆ. ನಾಲ್ಕು ಬೆರಳು, ಬೆರಳಿಗೆ ಮೂರು ಗೆಣ್ಣು, ಒಟ್ಟು ಹನ್ನೆರಡು. ಪ್ರತಿ ಕೋಸ್ಟರನ್ನು ಎರಡು ಸಲ ಹತ್ತಬೇಕು, ಒಮ್ಮೆ ಕಣ್ಣು ತೆರೆದು, ಒಮ್ಮೆ ಗಟ್ಟಿಯಾಗಿ ಮುಚ್ಚಿ. ಎರಡು ಎಣಿಕೆಗಳ ನಡುವಿನ ಅಂತರ ಕಡಿಮೆಯಾದಷ್ಟೂ ಆ ಕತ್ತಲೆ ನಿಜವಾದ ಕತ್ತಲೆ. ಇಳಿದ ಐದು ನಿಮಿಷದೊಳಗೆ ಪುಸ್ತಕದಲ್ಲಿ ಬರೆದುಕೊಳ್ಳಬೇಕು, ತಡವಾದರೆ ನೆನಪು ತನಗೆ ಬೇಕಾದ್ದನ್ನು ಸೇರಿಸಿಕೊಳ್ಳುತ್ತದೆ. ಮೊದಲ ದಿನ ಮಳೆಗೆ ಮುಂಚೆ ಒಂದು ಹೊರಾಂಗಣ ಕೋಸ್ಟರಿನಲ್ಲಿ ಪರೀಕ್ಷಿಸಿದೆ. ಕಣ್ಣು ತೆರೆದಾಗ ಮೂರು ಗೆಣ್ಣು. ಮುಚ್ಚಿದಾಗ ಹನ್ನೆರಡೂ ಮುಗಿದು ಮತ್ತೆ ಮೊದಲಿನಿಂದ ಎಣಿಸಬೇಕಾಯಿತು. ಅಳತೆ ಕೆಲಸ ಮಾಡುತ್ತದೆ ಎಂದು ನಂಬಿಕೆ ಬಂತು.

ಸ್ಪೇಸ್ ಮೌಂಟನ್ನಿನ ಬಿಳಿ ಗುಮ್ಮಟ ಹೊರಗಿನಿಂದ 183 ಅಡಿ ಎತ್ತರ, 300 ಅಡಿ ವ್ಯಾಸ. ಅದನ್ನು ಹತ್ತುವ ಮೊದಲು ಪಕ್ಕದ ಪೀಪಲ್‌ಮೂವರ್ ಬಂಡಿಯಲ್ಲಿ ಕುಳಿತುಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಆ ನಿಧಾನದ ಬಂಡಿ ಗುಮ್ಮಟದ ಒಳಗಿನಿಂದಲೇ ಹಾದುಹೋಗುತ್ತದೆ. ನಮ್ಮ ಕಣ್ಣಿಗೆ ಕಂಡದ್ದು ನಕ್ಷತ್ರಗಳಂಥ ಚುಕ್ಕೆಗಳು ಮಾತ್ರ. ಕಿವಿಗೆ ಬಿದ್ದದ್ದು ಹಳಿಯ ಗಡಗಡ, ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವ ಕಿರುಚಾಟ. ಅಣ್ಣನ ಮಗ ಮಾತು ನಿಲ್ಲಿಸಿ ಕಿವಿಗೊಟ್ಟ.

ಒಳಗೆ ಎರಡು ಹಳಿಗಳಿವೆ. ಎಡಗಡೆಯದು ಆಲ್ಫಾ, ಬಲಗಡೆಯದು ಒಮೇಗಾ. ಒಂದು ಇನ್ನೊಂದರ ಕನ್ನಡಿ ಬಿಂಬದಂತೆ ಹೆಣೆದುಕೊಂಡಿವೆ. ನನ್ನ ಎಣಿಕೆಗೆ ಇದು ತುಂಬಾ ಅನುಕೂಲವಾಯಿತು. ಎರಡನೆಯ ಸಲ ಹತ್ತುವಾಗ ಮೈಗೆ ತಿರುವುಗಳ ನೆನಪಿರುತ್ತದೆ, ಎಣಿಕೆ ಕೆಡುತ್ತದೆ. ಇಲ್ಲಿ ಕಣ್ಣು ಮುಚ್ಚಿ ಆಲ್ಫಾದಲ್ಲಿ ಹೋದೆ, ತೆರೆದುಕೊಂಡು ಒಮೇಗಾದಲ್ಲಿ ಹೋದೆ. ಎಡಕ್ಕೆ ವಾಲಬೇಕೆಂದು ಮೈ ನೆನಪಿಟ್ಟುಕೊಂಡಿದ್ದರೆ ಹಳಿ ಬಲಕ್ಕೆ ತಿರುಗುತ್ತಿತ್ತು.

ಇದರ ಸೀಟುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಒಂದು ಗಾಡಿಯಲ್ಲಿ ಆರೇ ಜನ, ಒಬ್ಬರ ಹಿಂದೆ ಒಬ್ಬರು. ಸೀಟು ತಗ್ಗಾಗಿದೆ, ಕಾಲು ಮುಂದಕ್ಕೆ ಚಾಚಬೇಕು, ತೊಡೆಯ ಮೇಲೆ ಒಂದು ಕಂಬಿ ಬರುತ್ತದೆ. ಭುಜ ಬರಿದು. ಪಕ್ಕದಲ್ಲಿ ಯಾರೂ ಇಲ್ಲ, ಕೈ ಹಿಡಿಯಬೇಕೆಂದರೂ ಯಾರ ಕೈಯೂ ಸಿಗುವುದಿಲ್ಲ. ನೀಲಿ ದೀಪಗಳು ಮಿನುಗುವ ಸುರಂಗ ದಾಟಿ, ಏರು ಹಳಿಯಲ್ಲಿ ಮೇಲೆ ಹೋಗಿ, ತುದಿ ಮುಟ್ಟಿದ ಮೇಲೆ ಕತ್ತಲೆಯಲ್ಲಿ ನೀವು ಒಬ್ಬರೇ. ತಲೆಯ ಮೇಲೆ ಏನೋ ಕಪ್ಪಗೆ ಹಾದುಹೋದಂತಾಗುತ್ತದೆ. ಅದು ಮೇಲಿನ ಹಳಿಯ ಆಸರೆ. ಕೈ ಎತ್ತಿದರೂ ತಾಗದಷ್ಟು ದೂರದಲ್ಲಿ ಅಳತೆ ಮಾಡಿಯೇ ಇಟ್ಟಿರುತ್ತಾರೆಂದು ಗೊತ್ತಿದ್ದರೂ ನಾನು ಪ್ರತಿ ಸಲ ತಲೆ ತಗ್ಗಿಸಿದೆ. ಇಳಿತಗಳು ಸಣ್ಣವು, ತಿರುವುಗಳು ಗಿಡ್ಡ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು. ಕಣ್ಣು ಮುಚ್ಚಿದಾಗ ಹನ್ನೆರಡು ಗೆಣ್ಣು, ತೆರೆದಾಗ ಹನ್ನೊಂದು. ಸಂಖ್ಯೆ ಬರೆಯುವಾಗ ಕೈ ಸಣ್ಣಗೆ ನಡುಗುತ್ತಿತ್ತು. ಕಣ್ಣು ಇದ್ದೂ ಇಲ್ಲದಂತೆ ಮಾಡುವ ಕೋಸ್ಟರ್ ಇದು.

ನಡುನಡುವೆ ಬ್ರೇಕ್ ತಾಗಿದ ಸಣ್ಣ ಎಳೆತ ಗೊತ್ತಾಗುತ್ತದೆ. ರೈಲ್ವೆಯಲ್ಲಿ ಒಂದು ಬ್ಲಾಕಿನೊಳಗೆ ಒಂದೇ ರೈಲು ಇರಬೇಕೆಂಬ ನಿಯಮ ಇದೆಯಲ್ಲ, ಇಲ್ಲೂ ಅದೇ. ಮುಂದಿನ ಗಾಡಿ ತನ್ನ ಬ್ಲಾಕ್ ಬಿಡದಿದ್ದರೆ ಹಿಂದಿನದನ್ನು ವ್ಯವಸ್ಥೆಯೇ ತಡೆದು ನಿಲ್ಲಿಸುತ್ತದೆ. ಒಂದೇ ಹಳಿಯಲ್ಲಿ ಹಲವು ಗಾಡಿಗಳು ಕತ್ತಲೆಯಲ್ಲಿ ಓಡುವುದು ಇದರ ಬಲದಿಂದ.

ಹೆಸರು ಒಂದೇ ಎಂದು ಎಲ್ಲ ಸ್ಪೇಸ್ ಮೌಂಟನ್ನುಗಳನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನದು 1977ರದು. ಹಳಿ ಒಂದೇ, ಇಬ್ಬಿಬ್ಬರು ಅಕ್ಕಪಕ್ಕ ಕೂರುತ್ತಾರೆ, ಸೀಟಿನಲ್ಲೇ ಸಂಗೀತ ಕೇಳಿಸುತ್ತದೆ. ಅದನ್ನು ಹಿಂದೊಮ್ಮೆ ಹತ್ತಿದ್ದೆ. ನಯವಾಗಿದೆ, ಚೆನ್ನಾಗಿದೆ. ಆದರೆ ಪಕ್ಕದಲ್ಲಿ ಒಬ್ಬರು ಕುಳಿತು ಕಿವಿಯಲ್ಲಿ ತಾಳ ಬಡಿಯುತ್ತಿದ್ದರೆ ಕತ್ತಲೆಯ ಕೈ ಅರ್ಧ ಕಟ್ಟಿದಂತೆ. ಪ್ಯಾರಿಸ್ಸಿನದು 1995ರದು. ಅದು ಗಾಡಿಯನ್ನು ಚಿಮ್ಮಿಸಿ ಬಿಡುತ್ತದೆ, ತಲೆಕೆಳಗೂ ಮಾಡುತ್ತದೆ. ಅದು ಬೇರೆಯದೇ ಜಾತಿ.

ಎರಡನೆಯ ದಿನ ಡಿಸ್ನಿಯವರದೇ ಇನ್ನೊಂದು ಪಾರ್ಕಾದ ಹಾಲಿವುಡ್ ಸ್ಟುಡಿಯೋಸ್‌ನ ರಾಕ್ ಎನ್ ರೋಲರ್ ಕೋಸ್ಟರ್. ಇದು 1999ರದು, ಉದ್ದನೆಯ ಲಿಮೊಸಿನ್ ಕಾರಿನ ಆಕಾರದ ಗಾಡಿ. ನಿಂತಲ್ಲಿಂದ 2.8 ಸೆಕೆಂಡಿನಲ್ಲಿ ಗಂಟೆಗೆ 92 ಕಿಲೋಮೀಟರ್ ಮುಟ್ಟುತ್ತದೆ. ರಾತ್ರಿ ಹೋಟೆಲಿನಲ್ಲಿ ಕಾಗದದ ಮೇಲೆ ಭಾಗಿಸಿ ನೋಡಿದೆ. ಸೆಕೆಂಡಿಗೆ ಸುಮಾರು 9 ಮೀಟರಿನಷ್ಟು ವೇಗ ಏರುತ್ತದೆ. ಹಗ್ಗ ಕಡಿದು ಬಾವಿಗೆ ಬಿದ್ದ ಕೊಡದ ವೇಗ ಸೆಕೆಂಡಿಗೆ 9.8ರಷ್ಟು ಏರುತ್ತದೆ. ಅಂದರೆ ಹೆಚ್ಚುಕಡಿಮೆ ಆ ಕೊಡದಂತೆಯೇ ನಾವು ಬೀಳುತ್ತೇವೆ, ಕೆಳಕ್ಕಲ್ಲ, ಮುಂದಕ್ಕೆ. ಬೆನ್ನು ಸೀಟಿಗೆ ಅಂಟಿ, ಕೆನ್ನೆ ಕಿವಿಯ ಕಡೆಗೆ ಸರಿದಂತಾಯಿತು. ಉಸಿರು ಎಳೆದುಕೊಳ್ಳುವಷ್ಟರಲ್ಲಿ ಎರಡು ಸಲ ತಲೆಕೆಳಗಾಗಿದ್ದೆವು. ಮೂರನೆಯದು ಸ್ವಲ್ಪ ಹೊತ್ತಿನ ಮೇಲೆ.

ಆದರೆ ಆ ಚಿಮ್ಮುವಿಕೆ ಮುಗಿದ ಮೇಲೆ ನನ್ನ ಗೆಣ್ಣುಗಳಿಗೆ ಹೆಚ್ಚು ಕೆಲಸವಿರಲಿಲ್ಲ. ತೆರೆದಾಗ ಎಂಟು, ಮುಚ್ಚಿದಾಗ ಹನ್ನೊಂದು. ದಾರಿಯುದ್ದಕ್ಕೂ ಹೊಳೆಯುವ ರಸ್ತೆ ಫಲಕಗಳಿದ್ದವು, ಅವು ತಿರುವನ್ನು ಮೊದಲೇ ಹೇಳಿಬಿಡುತ್ತಿದ್ದವು. ಭುಜದ ಮೇಲಿಂದ ಬರುವ ತಡೆಯಿಂದ ಕುತ್ತಿಗೆಗೆ ಆಸರೆ ಸಿಗುತ್ತದೆ ನಿಜ, ಒಂದೆರಡು ಸಲ ಕಿವಿ ಅದಕ್ಕೆ ತಾಗಿ ನೋವೂ ಆಯಿತು. ಇಲ್ಲಿ ಒಂಟಿ ಸವಾರರ ಸಾಲು ಬೇರೆಯೇ ಇದ್ದದ್ದರಿಂದ ಎರಡನೆಯ ಸಲ ಬೇಗ ಸಿಕ್ಕಿತು. ಆಗ ಕಡೆಯ ಸಾಲಿನಲ್ಲಿ ಕುಳಿತೆ. ಗಾಡಿಯ ಮುಂಭಾಗ ದಿಬ್ಬ ದಾಟಿ ಇಳಿಯತೊಡಗಿದಾಗ ಹಿಂಭಾಗ ಇನ್ನೂ ಏರಿನಲ್ಲೇ ಇರುತ್ತದೆ, ಅದನ್ನು ದರದರ ಎಳೆದುಕೊಂಡೇ ದಿಬ್ಬ ದಾಟಿಸುತ್ತದೆ. ಕಡೆಯ ಸೀಟಿನವರಿಗೆ ಹೊಟ್ಟೆ ಬಾಯಿಗೆ ಬರುವುದು ಇದರಿಂದ. ಸೀಟು ಬದಲಾದರೆ ಎಣಿಕೆಯೂ ಬದಲಾಗುತ್ತದೆಂಬುದು ನನಗೆ ಆಗ ಹೊಳೆಯಿತು. ಆದ್ದರಿಂದ ಮರುದಿನ ಬೆಳಗ್ಗೆ ಸಾಲು ಉದ್ದವಿದ್ದರೂ ಮತ್ತೊಮ್ಮೆ ನಿಂತು, ಮೊದಲ ಸಲ ಕುಳಿತಿದ್ದ ನಡು ಸಾಲನ್ನೇ ಕೇಳಿ ಪಡೆದೆ. ಮೇಲೆ ಕೊಟ್ಟ ಹನ್ನೊಂದು ಆ ಸವಾರಿಯದು.

ಯೂನಿವರ್ಸಲ್ ಸ್ಟುಡಿಯೋಸ್‌ನ ರಿವೆಂಜ್ ಆಫ್ ದ ಮಮ್ಮಿ ಬೇರೆ ತರಹದ್ದು. 2004ರಲ್ಲಿ ತೆರೆದದ್ದು. ಅದೇ ಕಟ್ಟಡದಲ್ಲಿ ಮೊದಲು ಕಿಂಗ್ ಕಾಂಗ್‌ನ ಸವಾರಿ ಇತ್ತು. ಅದರ ನೆನಪಿಗೆ ಒಳಗಿನ ನಿಧಿಯ ಕೋಣೆಯಲ್ಲಿ ಚಿನ್ನದ ಬಣ್ಣದ ಪುಟ್ಟ ಕಾಂಗ್ ಮೂರ್ತಿ ಇಟ್ಟಿದ್ದಾರೆ. ಅದನ್ನು ಮೊದಲು ಕಂಡುಹಿಡಿದದ್ದು ಅಣ್ಣನ ಮಗ. "ಅತ್ತೆ, ಎಡಗಡೆ, ಎಡಗಡೆ ನೋಡಿ!" ಎಂದು ಅವನು ಕೂಗಿದ ಭರದಲ್ಲಿ ನನ್ನ ಎಣಿಕೆಯೇ ತಪ್ಪಿತು, ಇನ್ನೊಮ್ಮೆ ಹತ್ತಬೇಕಾಯಿತು. ಗಾಡಿ ಮೊದಲು ನಿಧಾನವಾಗಿ ಕಥೆ ತೋರಿಸುತ್ತಾ ಹೋಗುತ್ತದೆ. ಮುಂದೆ ದಾರಿ ಮುಚ್ಚಿದೆ, ಗೋಡೆಯ ತುಂಬಾ ಜೀರುಂಡೆಗಳು. ಅಲ್ಲಿಂದ ಹಿಮ್ಮುಖವಾಗಿ ಜಾರುತ್ತದೆ. ನಂತರ ನಮಗೆ ತಿಳಿಯದಂತೆ ಗಾಡಿಯನ್ನೇ ತಿರುಗಿಸಿ, ಗಂಟೆಗೆ ಸುಮಾರು 64 ಕಿಲೋಮೀಟರ್ ವೇಗದಲ್ಲಿ ಮೇಲಕ್ಕೆ ಎಸೆಯುತ್ತದೆ. ಸವಾರಿ ಮುಗಿಯಿತು ಎಂದು ನಂಬಿಸುವ ಒಂದು ಸುಳ್ಳು ನಿಲ್ದಾಣ ಬರುತ್ತದೆ. ಆಮೇಲೆ ಛಾವಣಿಗೆ ನಿಜವಾದ ಬೆಂಕಿ ಹತ್ತುತ್ತದೆ. ನೆತ್ತಿಗೆ ಬಿಸಿ ತಾಗಿದ್ದು, ಹೋಮಕುಂಡದ ಮುಂದೆ ಬಗ್ಗಿದಾಗ ಮುಖಕ್ಕೆ ರಾಚುವಂಥ ಬಿಸಿ, ನನಗೆ ಈಗಲೂ ನೆನಪಿದೆ. ತೆರೆದಾಗ ಆರು, ಮುಚ್ಚಿದಾಗ ಒಂಬತ್ತು. ಇಲ್ಲಿ ಕತ್ತಲೆ ಪರದೆಯ ಕೆಲಸ ಮಾಡುತ್ತದೆ. ಬೇಕಾದಾಗ ಸರಿಸಿ ತೋರಿಸುತ್ತಾರೆ, ಬೇಕಾದಾಗ ಎಳೆಯುತ್ತಾರೆ. ಕಥೆ ಬೇಕೆನ್ನುವವರಿಗೆ ನಾಲ್ಕರಲ್ಲಿ ಇದೇ ಮೊದಲು.

ಡಿಸ್ನಿಯವರ ಮತ್ತೊಂದು ಪಾರ್ಕಾದ ಎಪ್ಕಾಟ್‌ನ ಕಾಸ್ಮಿಕ್ ರಿವೈಂಡ್ 2022ರದು. ಅದಕ್ಕಾಗಿ ಬೆಳಗ್ಗೆ 7 ಗಂಟೆಗೆ ಸರಿಯಾಗಿ ಮೊಬೈಲಿನಲ್ಲಿ ಸರದಿ ಹಿಡಿಯಬೇಕಿತ್ತು. ಅಣ್ಣ ಅಲಾರಾಂ ಇಟ್ಟು ಎದ್ದು ಹಿಡಿದುಕೊಟ್ಟ. ಹಿಮ್ಮುಖವಾಗಿ ಚಿಮ್ಮುತ್ತದೆ, ಓಡುತ್ತಿರುವಾಗಲೇ ನಮ್ಮ ಸೀಟನ್ನು ಬೇಕಾದ ಕಡೆಗೆ ತಿರುಗಿಸುತ್ತದೆ. ಬೆಣ್ಣೆಯ ಮೇಲೆ ಜಾರಿದಂತೆ ಹೋಗುತ್ತದೆ. ಒಂದು ಬಂಡಿ ಇಷ್ಟು ನಯವಾಗಿ ಓಡಬಹುದೆಂದು ನಾನು ಅಂದುಕೊಂಡಿರಲಿಲ್ಲ. ಆದರೆ ಮುಖ ಯಾವ ಕಡೆಗಿದೆ ಎಂಬುದೇ ಗೊತ್ತಾಗದ ಮೇಲೆ ತಿರುವು ಯಾವುದು, ಸೀಟಿನ ಸುತ್ತು ಯಾವುದು? ಐದನೆಯ ಗೆಣ್ಣಿಗೆ ಎಣಿಕೆ ಬಿಟ್ಟೆ. ಇಳಿದ ಮೇಲೆ ಅರ್ಧ ಗಂಟೆ ತಲೆ ತಿರುಗುತ್ತಿತ್ತು, ಕಣ್ಣು ಮುಚ್ಚಿ ಎರಡನೆಯ ಸಲ ಹತ್ತುವ ಧೈರ್ಯ ಬರಲಿಲ್ಲ. ಒಳಕಿವಿ ಹೇಳುವುದು ಒಂದು, ಕಣ್ಣು ಹೇಳುವುದು ಇನ್ನೊಂದು ಆದಾಗ ವಾಕರಿಕೆ ಬರುತ್ತದೆ. ಪ್ರಯಾಣದಲ್ಲಿ ತಲೆಸುತ್ತು ಬರುವವರು ಇದನ್ನು ಊಟಕ್ಕೆ ಮುಂಚೆ ಹತ್ತಲಿ. ಖಾಲಿ ಹೊಟ್ಟೆಯೂ ಬೇಡ, ಒಂದೆರಡು ಬಿಸ್ಕತ್ತು ತಿಂದಿರಲಿ.

ಈ ನಾಲ್ಕು ದಿನವೂ ಅತ್ತಿಗೆ ಹೊರಗೆ ಬೆಂಚಿನ ಮೇಲೆ ನಮ್ಮೆಲ್ಲರ ಚೀಲ ಕಾಯುತ್ತಾ ಕುಳಿತಿದ್ದರು. ಬಸ್ಸಿನಲ್ಲೇ ವಾಂತಿ ಬರುವವಳು ನಾನು, ನನಗೇಕೆ ಎನ್ನುತ್ತಿದ್ದರು. ಕಡೆಯ ಸಂಜೆ ಮತ್ತೆ ಮ್ಯಾಜಿಕ್ ಕಿಂಗ್‌ಡಮ್‌ಗೆ ಹೋಗಿದ್ದೆವು. ಮಳೆ ನಿಂತು ನೆಲ ಇನ್ನೂ ಒದ್ದೆಯಾಗಿತ್ತು. ಅತ್ತಿಗೆ ನನ್ನ ಪುಸ್ತಕ ತೆಗೆದುಕೊಂಡು ಎಣಿಕೆಗಳ ಮೇಲೆ ಬೆರಳಾಡಿಸಿದರು. "ಒಂದೇ ಒಂದು ಹತ್ತುವುದಾದರೆ ಯಾವುದು?" ಎಂದು ಕೇಳಿದರು.

ಸ್ವಲ್ಪ ಯೋಚಿಸಿ ಹೇಳಿದೆ. ಕಾಸ್ಮಿಕ್ ಅವರಿಗೆ ಆಗುವುದಿಲ್ಲ. ರಾಕ್ ಎನ್ ರೋಲರ್ ತಲೆಕೆಳಗು ಮಾಡುತ್ತದೆ. ಮಮ್ಮಿಯ ಹಿಮ್ಮುಖ ಓಟವೂ ಬೇಡ. ಎಣಿಕೆಯಲ್ಲಿ ಎಲ್ಲಕ್ಕಿಂತ ಮೇಲಿದ್ದರೂ ಸ್ಪೇಸ್ ಮೌಂಟನ್ನಿನಲ್ಲಿ ಕಣ್ಣಿಗೂ ಕಿವಿಗೂ ಜಗಳವಿಲ್ಲ, ನೋಡಲು ಏನೂ ಇಲ್ಲದಿರುವುದರಿಂದ. ತಿರುವುಗಳು ಗಿಡ್ಡ, ಎರಡೂವರೆ ನಿಮಿಷದಲ್ಲಿ ಮುಗಿಯುತ್ತದೆ. "ಆಗುಂಬೆಗಿಂತ ಬೇಗ ಮುಗಿಯುತ್ತದೆ, ಅತ್ತಿಗೆ" ಎಂದೆ.

ಸೆರಗು ಬಿಗಿದುಕೊಳ್ಳುವ ಅಭ್ಯಾಸದಿಂದ ಕುರ್ತಾದ ದುಪ್ಪಟವನ್ನು ಸೊಂಟಕ್ಕೆ ಕಟ್ಟಿಕೊಂಡರು. ಆಮೇಲೆ ಅದನ್ನೂ ಬಿಚ್ಚಿ ಅಣ್ಣನ ಕೈಗೆ ಕೊಟ್ಟರು. ಆಲ್ಫಾದಲ್ಲಿ ಅವರು ಎರಡನೆಯ ಸೀಟಿನಲ್ಲಿ, ನಾನು ಬೆನ್ನ ಹಿಂದೆ ಮೂರನೆಯದರಲ್ಲಿ. ಏರು ಹಳಿಯಲ್ಲಿ ಅವರ ಜಡೆ ಕಾಣುತ್ತಿತ್ತು, ಆಮೇಲೆ ಅದೂ ಕಾಣಲಿಲ್ಲ. ಮೊದಲ ಇಳಿತಕ್ಕೆ "ಮಂಜುನಾಥಾ" ಎಂಬ ಕೂಗು ಕೇಳಿಸಿತು. ಮೂರನೆಯ ತಿರುವಿನ ಹೊತ್ತಿಗೆ ಆ ಕೂಗು ನಗುವಾಗಿತ್ತು. ಆ ಸಲ ನಾನು ಗೆಣ್ಣು ಎಣಿಸಲಿಲ್ಲ. ಕೊನೆಯ ಕೆಂಪು ಸುರಂಗದಲ್ಲಿ ಅವರ ಎರಡೂ ಕೈ ಮೇಲಿದ್ದವು.

ಇಳಿದಾಗ ಕಾಲು ಸ್ವಲ್ಪ ತಡವರಿಸಿತು, ನನ್ನ ಭುಜ ಹಿಡಿದುಕೊಂಡರು. ಎಷ್ಟು ವೇಗ ಎಂದು ಕೇಳಿದರು. 45 ಎಂದೆ. ನಂಬಲಿಲ್ಲ, ಪುಸ್ತಕ ತೆಗೆಸಿ ನೋಡಿದರು. ಆಮೇಲೆ ಹೊರಬಾಗಿಲಿನ ಕಡೆಗೆ ಹೊರಟಿದ್ದ ನನ್ನನ್ನು ತಡೆದು ಹೇಳಿದರು:

"ಬಲಗಡೆ ಇನ್ನೊಂದು ಹಳಿ ಇದೆ ಎಂದೆಯಲ್ಲ, ನಡಿ."