ಲಿಂಕ್ ಹಾಕೋದ್ ಬಿಟ್ಟ ಮೇಲೆ ಬ್ಲಾಗಿಗೆ ಜನ ಬಂದ್ರು: ನನ್ನ ಅನುಭವ

"ಎಲ್ಲಾ ಪೋಸ್ಟಲ್ಲೇ ಬಿಚ್ಚಿಟ್ರೆ ಆಮೇಲೆ ಬ್ಲಾಗಿಗೆ ಯಾರ್ ಬರ್ತಾರೆ, ತಲೆ ನೆಟ್ಟಗಿದ್ಯಾ ನಿಂಗೆ" ಅಂತ, ಬ್ಲಾಗಿನ ಲಿಂಕ್ ಬಿಟ್ಟು ವಿಷಯನೇ ಸೋಷಿಯಲ್ ಮೀಡಿಯಾ ಪೋಸ್ಟಲ್ಲಿ ಬರೆಯೋಕೆ ಶುರು ಮಾಡಿದಾಗ, ಮುಖಕ್ಕೆ ಹೊಡ್ದಂಗೆ ಹೇಳಿದೋರು ಕಮ್ಮಿ ಅಂದ್ರೂ ನಾಲ್ಕು ಜನ ಇದಾರೆ, ನಾಲ್ಕೂ ಜನ ಬ್ಲಾಗ್ ಬರೆಯೋರೇ. ಈಗ ಅವರಲ್ಲೇ ಇಬ್ರು "ಅದ್ ಹೆಂಗ್ ಮಾಡ್ದೆ ಸ್ವಲ್ಪ ಹೇಳೋ ಮಾರಾಯ" ಅಂತ ಮೆಸೇಜ್ ಹಾಕಿದಾರೆ. ಒಬ್ಬೊಬ್ರಿಗೆ ಟೈಪ್ ಮಾಡೋ ಬದ್ಲು ಒಂದೇ ಸಲ ಬರ್ದು ಹಾಕ್ತಿದೀನಿ, ಲೆಕ್ಕ ಎಲ್ಲಾ ನೆನಪಿಂದ ಹೇಳ್ತಿರೋದು, ಹತ್ತಿಪ್ಪತ್ತು ಆಚೆ ಈಚೆ ಇರ್ಬೋದು.

ನಂದು ಸೈಕಲ್ ರಿಪೇರಿ ಬ್ಲಾಗು. ಪಂಚರ್, ಚೈನು, ಬ್ರೇಕು, ಇಂಥವು. ಮೊದಲ ಎರಡೂವರೆ ವರ್ಷ ದಿನಕ್ಕೆ 30-40 ವಿಸಿಟ್, ಅದ್ರಲ್ಲಿ ಒಂದಷ್ಟು ನಾನೇ, ಒಂದಷ್ಟು ಬಾಟ್‌ಗಳು. ಈಗ ಸುಮ್ನೆ ಇದ್ರೂ ದಿನಕ್ಕೆ 900 ಹತ್ರ ಬರುತ್ತೆ, ಒಂದೊಂದ್ ದಿನ 3000 ದಾಟಿದ್ದೂ ಇದೆ. ಹೇಳ್ಕೊಳ್ಳೋಕೆ ಸ್ವಲ್ಪ ಖುಷಿನೇ, ಬಿಡಿ.

ಮೊದ್ಲು ನಾನೂ ಎಲ್ರೂ ಮಾಡೋದನ್ನೇ ಮಾಡ್ತಿದ್ದೆ. ಲೇಖನ ಪಬ್ಲಿಷ್ ಮಾಡೋದು, ಲಿಂಕ್ ಕಾಪಿ ಮಾಡೋದು, "ಹೊಸ ಬರಹ, ಓದಿ ಅಭಿಪ್ರಾಯ ತಿಳಿಸಿ" ಅಂತ ಎಲ್ಲಾ ಕಡೆ ಚೆಲ್ಲೋದು. ಲೈಕ್ ಬರ್ತಿತ್ತು, ಚೆನ್ನಾಗೇ ಬರ್ತಿತ್ತು. ಒಂದಿನ ಬ್ರೇಕ್ ಶೂ ಹೊಂದ್ಸೋದರ ಬಗ್ಗೆ ಬರ್ದು ಹಂಗೇ ಹಾಕ್ದೆ, ಸಂಜೆ ನೋಡಿದ್ರೆ 41 ಲೈಕು, "ಸೂಪರ್", "ಉಪಯುಕ್ತ ಮಾಹಿತಿ ಸರ್", "ಮುಂದುವರಿಸಿ" ಅಂತ ಆರೇಳು ಕಾಮೆಂಟು. ಖುಷಿಯಾಗಿ ನಾನೇ ಒಂದ್ಸಲ ಲಿಂಕ್ ಒತ್ತಿ ನೋಡ್ತೀನಿ, 404, ಅಂದ್ರೆ ಅಂಥ ಪೇಜೇ ಇಲ್ಲ. ಕಾಪಿ ಮಾಡುವಾಗ ಕೊನೇ ಅಕ್ಷರ ಬಿಟ್ಟೋಗಿತ್ತು. ಬೆಳಗ್ಗೆಯಿಂದ ಒಬ್ಬ ಮನುಷ್ಯ ಕೂಡ ಅದನ್ನ ತೆರೆದಿಲ್ಲ, ತೆರೆದಿದ್ರೆ ಯಾರಾದ್ರೂ ಒಬ್ರು ಹೇಳ್ತಿದ್ರಲ್ವಾ. ಅವತ್ತಿಂದ ಲೈಕಿನ ಲೆಕ್ಕ ನೋಡೋದ್ ಬಿಟ್ಬಿಟ್ಟೆ.

ಆದ್ರೆ ಬುದ್ಧಿ ಅವತ್ತೇ ಬರ್ಲಿಲ್ಲ, ದುಡ್ಡು ಕಳ್ಕೊಂಡ ಮೇಲೇ ಬಂದಿದ್ದು. ದುಡ್ಡು ಕೊಟ್ಟು ಪೋಸ್ಟನ್ನ ಜಾಸ್ತಿ ಜನಕ್ಕೆ ತೋರ್ಸೋ ಬೂಸ್ಟ್ ಬಟನ್ ಒತ್ತಿದೆ. ಮೂರು ಕಂತಲ್ಲಿ ಹಾಕಿದ್ದು, ಒಟ್ಟು ಸೇರಿಸಿದ್ರೆ ನನ್ನ ಒಂದು ವರ್ಷದ ಹೋಸ್ಟಿಂಗ್ ಖರ್ಚು. ಅವರ ಲೆಕ್ಕದಲ್ಲಿ ಕ್ಲಿಕ್ 600 ಚಿಲ್ಲರೆ, ಬ್ಲಾಗಿಗೆ ಬಂದೋರನ್ನ ಎಣಿಸೋ ನನ್ನ ಅನಲಿಟಿಕ್ಸಲ್ಲಿ 200 ಕೂಡ ಇಲ್ಲ. ಮೋಸ ಅಂತ ಕೂಗಾಡಿದೆ, ಆಮೇಲೆ ಗೊತ್ತಾಗಿದ್ದು ತಪ್ಪು ನಂದೇ ಅಂತ. ಫೋನಲ್ಲಿ ತೆಗೆದ ಫೋಟೋನ ಹಂಗಂಗೇ ಅಪ್‌ಲೋಡ್ ಮಾಡ್ತಿದ್ದೆ, ಒಂದು ಪೇಜು 9 ಎಂಬಿ ಆಗಿತ್ತು, ಒತ್ತಿದೋರು ಪೇಜ್ ತೆರ್ಕೊಳ್ಳೋಕೆ ಮುಂಚೆ ವಾಪಸ್ ಹೋಗ್ತಿದ್ರು. ಕ್ಲಿಕ್ಕಿಗೆ ದುಡ್ಡು ಕೊಟ್ಟಾಗಿತ್ತು, ಓದು ಮಾತ್ರ ಆಗಿರ್ಲಿಲ್ಲ. ಜಾಹೀರಾತು ಹಾಕುವಾಗ ಬರೀ ಕ್ಲಿಕ್ ಬೇಕಾ ಇಲ್ಲ ಪೇಜ್ ಪೂರ್ತಿ ತೆರೆದಿದ್ದು ಲೆಕ್ಕಕ್ಕೆ ಬೇಕಾ ಅಂತ ಒಂದು ಆಯ್ಕೆ ಇರುತ್ತೆ, ಅದನ್ನೂ ನೋಡಿರ್ಲಿಲ್ಲ.

ಅಷ್ಟಕ್ಕೆ ಮುಗೀಲಿಲ್ಲ. ಪೋಸ್ಟ್ ಶೆಡ್ಯೂಲ್ ಮಾಡೋ ಒಂದು ಟೂಲಿಗೆ, ವರ್ಷದ ಪ್ಲಾನ್ ಆದ್ರೆ ಅಗ್ಗ ಅಂತ, ಪೂರ್ತಿ ವರ್ಷದ್ದು ಒಟ್ಟಿಗೇ ಕಟ್ಟಿ ಮೂರು ತಿಂಗಳು ಬಳಸ್ದೆ. ಆಮೇಲೆ ಪಂಚರ್ ಕಿಟ್ ಗಿವ್‌ಅವೇ ಮಾಡ್ದೆ, ಫಾಲೋ ಮಾಡಿ ಮೂವರಿಗೆ ಟ್ಯಾಗ್ ಮಾಡಿ ಅಂತ. ವಾರದಲ್ಲಿ 700 ಜನ ಜಾಸ್ತಿ ಆದ್ರು, ಗೆದ್ದೋರ ಹೆಸ್ರು ಹಾಕಿದ ಮೂರೇ ದಿನಕ್ಕೆ 500 ಜನ ಮಾಯ. ಉಳಿದೋರಲ್ಲಿ ಸೈಕಲ್ ಇರೋರು ಎಷ್ಟು ಅಂತ ದೇವರಿಗೇ ಗೊತ್ತು.

ದಾರಿ ಸಿಕ್ಕಿದ್ದು ಆಕಸ್ಮಿಕವಾಗಿ, ಅದ್ರಲ್ಲಿ ನನ್ನ ಜಾಣತನ ಏನಿಲ್ಲ. ಹೋಸ್ಟಿಂಗ್ ರಿನ್ಯೂ ಮಾಡೋದು ಮರ್ತು ಬ್ಲಾಗ್ ಎರಡು ದಿನ ಮಲಗಿತ್ತು. ಅದೇ ಟೈಮಿಗೆ ಚೈನ್ ಸವೆತದ ಬಗ್ಗೆ ಬರ್ದಿಟ್ಟಿದ್ದೆ, ಕೈ ಕಡೀತಿತ್ತು, ಲಿಂಕ್ ಕೊಡೋಕೆ ಬ್ಲಾಗೇ ಇಲ್ಲ. ಸರಿ ಅಂತ ಚೈನ್ ಮೇಲೆ ಅಡಿ ಸ್ಕೇಲ್ ಇಟ್ಟು ಒಂದು ಫೋಟೋ ತೆಗೆದು ಕೆಳಗೆ ವಿಷಯ ಎಲ್ಲಾ ಬರ್ದ್‌ಬಿಟ್ಟೆ: ಒಂದು ಪಿನ್ನಿನ ನಡುಮಧ್ಯಕ್ಕೆ ಸೊನ್ನೆ ಇಡಿ, 24 ಕೊಂಡಿ ಎಣಿಸಿ, ಹೊಸ ಚೈನಾದ್ರೆ ಪಿನ್ ಸರಿಯಾಗಿ 12 ಇಂಚಿನ ಗೆರೆ ಮೇಲೆ ಕೂರುತ್ತೆ, ಇಂಚಿನ ಹದಿನಾರರಲ್ಲೊಂದು ಭಾಗ ಮುಂದೆ ಹೋಗಿದ್ರೆ ಚೈನ್ ಬದ್ಲಾಯ್ಸಿ, ಎಂಟರಲ್ಲೊಂದು ಭಾಗ ಹೋಗಿದ್ರೆ ಹಿಂದಿನ ಹಲ್ಲುಗಳೂ ಹೋಗಿರ್ತವೆ, ಬರೀ ಚೈನ್ ಹಾಕಿದ್ರೆ ಜಾರುತ್ತೆ. ಅಷ್ಟೇ.

ಜನ ಸ್ಕೇಲ್ ಹುಡ್ಕೊಂಡು ಹೋಗಿ ಅಳ್ದು, ಅವರವರ ಚೈನಿನ ಫೋಟೋ ತಂದು ಕಾಮೆಂಟಲ್ಲಿ ಹಾಕೋಕೆ ಶುರು ಮಾಡಿದ್ರು! "ನಂದು ಎರಡು ಗೆರೆ ಮುಂದಿದೆ ಏನ್ ಮಾಡ್ಲಿ", "ಹಲ್ಲು ಸವೆದಿದ್ಯಾ ಅಂತ ಹೆಂಗ್ ನೋಡೋದು", "ಚೈನ್ ಬಿಚ್ಚೋ ಟೂಲ್ ಇಲ್ದೆ ಆಗಲ್ವಾ". ಬ್ಲಾಗ್ ವಾಪಸ್ ಎದ್ದ ಮೇಲೆ ಒಬ್ಬೊಬ್ರ ಪ್ರಶ್ನೆ ಕೆಳಗೆ ಆ ಪ್ರಶ್ನೆಗೆ ಉತ್ತರ ಇರೋ ಲೇಖನದ ಲಿಂಕ್ ಕೊಡ್ತಾ ಹೋದೆ, ಸುಮಾರು 60 ರಿಪ್ಲೈ ಇರ್ಬೋದು. ಅವತ್ತೊಂದಿನ 1100 ವಿಸಿಟ್. ಎರಡೂವರೆ ವರ್ಷದಲ್ಲಿ ಆಗ್ದಿದ್ದು.

ಅಲ್ಲಿಂದ ಮುಂದೆ ಅದನ್ನೇ ಪದ್ಧತಿ ಮಾಡ್ಕೊಂಡೆ. ಪೋಸ್ಟಲ್ಲಿ ಲಿಂಕ್ ಇರಲ್ಲ. ಲೇಖನದ ನಡುವಿಂದ ಒಂದು ತುಂಡು ಎತ್ಕೊಳ್ಳೋದು, ಅದು ಅದಷ್ಟಕ್ಕೇ ಪೂರ್ತಿ ಇರ್ಬೇಕು, ಬ್ಲಾಗಿಗೆ ಬರದೇ ಇರೋನಿಗೂ ಕೆಲಸಕ್ಕೆ ಬರ್ಬೇಕು. "ಮುಂದೇನಾಯ್ತು ಗೊತ್ತಾ, ಲಿಂಕಲ್ಲಿ ನೋಡಿ" ಅಂತ ಆಸೆ ತೋರ್ಸೋದಲ್ಲ, ಅದನ್ನೂ ಮಾಡಿ ನೋಡಿದೀನಿ, ಎರಡನೇ ಸಲಕ್ಕೆ ಜನ ಸಿಟ್ಟಾಗ್ತಾರೆ. ತುಂಡು ಪೂರ್ತಿ ಇದ್ದಾಗ ಅದರ ಪಕ್ಕದ ಪ್ರಶ್ನೆ ತಾನಾಗೇ ಹುಟ್ಟುತ್ತೆ, ಕೇಳ್ತಾರೆ, ಕೇಳ್ದೋರಿಗೆ ಲಿಂಕ್. ಅದೂ ಮುಖಪುಟದ್ದಲ್ಲ, ಲೇಖನದ ಆ ಉಪಶೀರ್ಷಿಕೆಗೇ ನೇರ ಹೋಗೋ ಆಂಕರ್ ಲಿಂಕ್. ಇದೊಂದು ಬದ್ಲಾವಣೆಗೇ ಪೇಜಲ್ಲಿ ಉಳಿಯೋ ಟೈಮು ನಲವತ್ತು ಸೆಕೆಂಡಿಂದ ಎರಡು ನಿಮಿಷದ ಹತ್ರ ಹೋಯ್ತು.

ಒಂದು ಲೇಖನದಿಂದ ಐದಾರು ತುಂಡು ಬರುತ್ತೆ. ಟ್ಯೂಬಿನ ಒಳಮೈಯಲ್ಲಿ ತೂತಾಗಿದ್ರೆ ಮುಳ್ಳಲ್ಲ, ರಿಮ್ ಒಳಗೆ ಸುತ್ತಿರೋ ಪಟ್ಟಿ (ರಿಮ್ ಟೇಪ್) ಸರಿದು ಸ್ಪೋಕಿನ ತಲೆ ಚುಚ್ಚಿರೋದು, ಇದೊಂದು. ಪಕ್ಕಪಕ್ಕ ಎರಡು ತೂತಿದ್ರೆ ಗಾಳಿ ಕಮ್ಮಿ ಇಟ್ಟು ಗುಂಡಿಗೆ ಇಳಿಸಿದೀರ ಅಂತ ಅರ್ಥ, ಅದೊಂದು. ಎರಡೂ ಒಂದೇ ಪಂಚರ್ ಲೇಖನದ್ದು, ಒಂದಕ್ಕೊಂದಕ್ಕೆ ಮೂರು ವಾರ ಗ್ಯಾಪ್ ಕೊಟ್ಟು ಹಾಕಿದ್ದು, ಎರಡೂ ಓಡ್ತು. ಹಳೇ ಲೇಖನ ಅಂತ ಯಾರೂ ತಾರೀಖು ನೋಡಲ್ಲ.

ಯಾಕೆ ಕೆಲಸ ಮಾಡುತ್ತೆ ಅನ್ನೋ ಥಿಯರಿ ನನಗೆ ಬೇಡ. ಫೇಸ್‌ಬುಕ್ 2018ರ ಜನವರಿಯಲ್ಲೇ ಪೇಜುಗಳ ಪೋಸ್ಟಿಗಿಂತ ಸ್ನೇಹಿತರು ಮನೆಯೋರ ಪೋಸ್ಟಿಗೆ, ಮಾತುಕತೆ ಹುಟ್ಟಿಸೋ ಪೋಸ್ಟಿಗೆ ಹೆಚ್ಚು ಜಾಗ ಅಂತ ಹೇಳಿತ್ತು, ನಾನು ವರ್ಷಗಟ್ಟಲೆ ಅದನ್ನ ಓದಿಯೂ ಲಿಂಕೇ ಎಸೀತಿದ್ದೆ. ಇನ್‌ಸ್ಟಾಗ್ರಾಂ ಕ್ಯಾಪ್ಷನ್ನಲ್ಲಂತೂ ಲಿಂಕ್ ಒತ್ತೋಕೇ ಆಗಲ್ಲ, ಆದ್ರೂ ಎಷ್ಟೊಂದ್ ಜನ ಇವತ್ತಿಗೂ ಅಲ್ಲಿ ಉದ್ದಕ್ಕೆ ಅಂಟ್ಸಿರ್ತಾರೆ. 2021ರ ಅಕ್ಟೋಬರ್‌ನಿಂದ ಸ್ಟೋರಿಯಲ್ಲಿ ಲಿಂಕ್ ಸ್ಟಿಕರ್ ಎಲ್ರಿಗೂ ಸಿಕ್ಕಿದೆ, 2023ರಿಂದ ಬಯೋದಲ್ಲಿ ಐದು ಲಿಂಕ್ ಇಡ್ಬೋದು. ನಾನು ಇಟ್ಟಿರೋದು ಎರಡೇ. ಐದಿಟ್ಟಾಗ ಯಾರೂ ಯಾವ್ದನ್ನೂ ಒತ್ತುತ್ತಿರ್ಲಿಲ್ಲ.

ವಾಟ್ಸಾಪ್ ಕಥೆ ಬೇರೆನೇ, ಮತ್ತೆ ನನಗೆ ಅರ್ಧ ಓದುಗರು ಅಲ್ಲಿಂದ್ಲೇ. ಅಲ್ಲಿ ನನ್ನ ಮೊದಲ ಶತ್ರು ಕನ್ನಡದ ಸ್ಲಗ್ಗು, ಅಂದ್ರೆ ವಿಳಾಸದ ಕೊನೇಲಿ ಬರೋ ಲೇಖನದ ಹೆಸರು. ಪೋಸ್ಟಿನ ವಿಳಾಸ ಕನ್ನಡದಲ್ಲೇ ಇರ್ಲಿ ಅಂತ ಹಟ ಹಿಡ್ದಿದ್ದೆ, ನೋಡೋಕೂ ಚೆಂದ. ಬ್ರೌಸರಿಂದ ಕಾಪಿ ಮಾಡಿ ಅಂಟಿಸಿದ್ರೆ ಒಂದೊಂದು ಯೂನಿಕೋಡ್ ಚಿಹ್ನೆಯೂ ಶೇಕಡಾ ಗುರುತಿನ ಜೊತೆ ಒಂಬತ್ತು ಅಕ್ಷರದ ಕಸ ಆಗುತ್ತೆ. "ಕನ್ನಡ" ಅನ್ನೋ ಒಂದು ಪದದಲ್ಲಿ ಒತ್ತಿನ ಹಲಂತ ಸೇರಿ ಐದು ಚಿಹ್ನೆ, ಅಂದ್ರೆ 45 ಅಕ್ಷರ. ನಾಲ್ಕು ಪದದ ಶೀರ್ಷಿಕೆ ಅಂದ್ರೆ ಫೋನಿನ ಅರ್ಧ ಸ್ಕ್ರೀನು, ನೋಡ್ದೋರು ವೈರಸ್ ಅಂತ ಡಿಲೀಟ್ ಮಾಡ್ತಾರೆ, ಒಬ್ರು ನನಗೇ ಫೋನ್ ಮಾಡಿ "ನಿಮ್ ಫೋನ್ ಹ್ಯಾಕ್ ಆಗಿದೆ" ಅಂತ ಎಚ್ಚರಿಸಿದ್ರು. ಎಕ್ಸ್ (ಹಳೇ ಟ್ವಿಟರ್) ಆದ್ರೆ ಲಿಂಕ್ ಎಷ್ಟೇ ಉದ್ದ ಇರ್ಲಿ 23 ಅಕ್ಷರ ಅಂತ್ಲೇ ಲೆಕ್ಕ, ಅಲ್ಲಿ ತೊಂದ್ರೆ ಇಲ್ಲ. ಕೊನೆಗೆ ಹಟ ಬಿಟ್ಟು ಎರಡು ಪದದ ಇಂಗ್ಲಿಷ್ ಸ್ಲಗ್ ಮಾಡ್ದೆ, ಹಳೇದನ್ನ ಒತ್ತಿದ್ರೂ ಹೊಸದಕ್ಕೇ ಹೋಗೋ ಹಂಗೆ ಹಳೇ ವಿಳಾಸಗಳಿಗೆಲ್ಲಾ 301 ರೀಡೈರೆಕ್ಟ್ ಹಾಕ್ದೆ, ಒಂದು ಭಾನುವಾರ ಪೂರ್ತಿ ಹೋಯ್ತು.

ಪ್ರಿವ್ಯೂ ಚಿತ್ರ, ಅಂದ್ರೆ ಲಿಂಕ್ ಅಂಟಿಸಿದಾಗ ಜೊತೆಗೆ ಕಾಣೋ ಚಿತ್ರ, ಇನ್ನೊಂದು. 1200ಕ್ಕೆ 630 ಪಿಕ್ಸೆಲ್ ಅಳತೆ ಎಲ್ರಿಗೂ ಗೊತ್ತು, ಆದ್ರೆ ಫೈಲ್ ಭಾರ ಇದ್ರೆ ವಾಟ್ಸಾಪಲ್ಲಿ ಬರೀ ನೀಲಿ ಲಿಂಕ್ ಕಾಣುತ್ತೆ, ಚಿತ್ರ ಬರಲ್ಲ. ನಾನು 300 ಕೆಬಿ ಒಳಗೆ ಇಳಿಸ್ತೀನಿ. ಚಿತ್ರ ಬದಲಾಯಿಸಿದ ಮೇಲೆ ಫೇಸ್‌ಬುಕ್ಕಿನ ಶೇರಿಂಗ್ ಡೀಬಗರ್ ಅನ್ನೋ ಟೂಲಲ್ಲಿ ಲಿಂಕನ್ನ ಮತ್ತೆ ಓದಿಸ್ಬೇಕು, ಇಲ್ಲಾಂದ್ರೆ ಹಳೇದೇ ತೋರಿಸ್ತಾ ಇರುತ್ತೆ. ಜನ ಲಿಂಕಿಗಿಂತ ಫೋಟೋ ಜಾಸ್ತಿ ಫಾರ್ವರ್ಡ್ ಮಾಡ್ತಾರೆ, ಹಂಗಾಗಿ ಫೋಟೋ ಒಳಗೇ ಬ್ಲಾಗಿನ ಹೆಸರು ಇರ್ಬೇಕು. ಮೂಲೇಲಿ ಇಟ್ರೆ ಕ್ರಾಪ್ ಮಾಡ್ತಾರೆ, ನಾನು ಇಡೋ ಜಾಗ ಬೇರೆ ಇದೆ, ಸ್ಕೇಲಿನ ಫೋಟೋ ಗಮನವಿಟ್ಟು ನೋಡಿದೋರಿಗೆ ಗೊತ್ತಾಗುತ್ತೆ, ಇಲ್ಲಿ ಹೇಳಲ್ಲ.

ಅಳತೆ ವಿಷಯ. ಯುಟಿಎಂ, ಅಂದ್ರೆ ಓದುಗರು ಎಲ್ಲಿಂದ ಬಂದ್ರು ಅಂತ ತಿಳಿಯೋಕೆ ಲಿಂಕಿನ ಕೊನೇಲಿ ಸೇರ್ಸೋ ಬಾಲ, ಹಾಕ್ತೀನಿ, ಹಾಕ್ಲೇಬೇಕು, ಇಲ್ಲಾಂದ್ರೆ ವಾಟ್ಸಾಪಿಂದ ಬಂದೋರೆಲ್ಲಾ ಡೈರೆಕ್ಟ್, ಅಂದ್ರೆ ಎಲ್ಲಿಂದ ಬಂದ್ರೋ ಗೊತ್ತಿಲ್ಲ, ಅಂತ ಲೆಕ್ಕಕ್ಕೆ ಬೀಳ್ತಾರೆ. ಆದ್ರೆ ಅದನ್ನ ಪೂರ್ತಿ ನಂಬ್ಬೇಡಿ. ಒಂದು ವಾರ ಇನ್‌ಸ್ಟಾಗ್ರಾಂ ಸ್ಟೋರಿಯಿಂದ 800 ವಿಸಿಟ್ ತೋರ್ಸಿತು, ಕುಣಿದಾಡ್ಬಿಟ್ಟೆ, ಸ್ಟೋರಿ ನೋಡಿದೋರೇ 300 ಇಲ್ಲ! ಆಗಿದ್ದೇನು ಅಂದ್ರೆ ಯಾರೋ ಒಬ್ರು ಸ್ಟೋರಿಯಿಂದ ಬಂದು ಅಡ್ರೆಸ್ ಬಾರಲ್ಲಿದ್ದ ಬಾಲ ಸಮೇತ ಕಾಪಿ ಮಾಡಿ ಗ್ರೂಪುಗಳಿಗೆ ಹಾಕಿದಾರೆ, ಅಲ್ಲಿಂದ ಬಂದೋರೆಲ್ಲಾ ಇನ್‌ಸ್ಟಾಗ್ರಾಂ ಖಾತೆಗೆ ಜಮಾ. ಈಗ ಪೇಜ್ ತೆರೆದ ತಕ್ಷಣ ಆ ಬಾಲ ಅಳಿಸೋ ನಾಲ್ಕು ಸಾಲಿನ ಸ್ಕ್ರಿಪ್ಟ್ ಇಟ್ಟಿದೀನಿ.

ಪಕ್ಕದ ಪ್ರಯೋಗಗಳೂ ಮಾಡ್ದೆ. ರೀಲ್ಸ್ ಮಾಡು ಮಾಡು ಅಂತ ಎಲ್ರೂ ತಲೆ ತಿಂದ್ರು, ಪಂಚರ್ ಹಾಕೋ ಒಂದು ರೀಲ್ 40,000 ಜನ ನೋಡಿದ್ರು, ಬ್ಲಾಗಿಗೆ ಬಂದೋರು 11 ಜನ. ಹನ್ನೊಂದು. ಅದಕ್ಕೆ ಒಂದು ಮೈಕು ಬೇರೆ ತಗೊಂಡಿದ್ದೆ. ಪಿಂಟರೆಸ್ಟ್ ಇದಕ್ಕೆ ಉಲ್ಟಾ, 1000ಕ್ಕೆ 1500 ಅಳತೆಯ ಹತ್ತು ಪಿನ್ ಹಾಕಿ ನಾಲ್ಕು ತಿಂಗಳು ಏನೂ ಆಗ್ದೆ ಮರ್ತೇಬಿಟ್ಟಿದ್ದೆ, ಈಗ ಎರಡು ವರ್ಷ ಆದ್ಮೇಲೂ ದಿನಕ್ಕೆ 20-25 ಜನ ಅಲ್ಲಿಂದ ಬರ್ತಿರ್ತಾರೆ, ಮುಟ್ಟೋದೇ ಇಲ್ಲ ನಾನು. ಸೈಕಲ್ ಗುಂಪುಗಳಲ್ಲಿ ಲಿಂಕ್ ಹಾಕೋಕೆ ಹೋಗಿ ಒಂದ್ ಕಡೆ ಬ್ಯಾನ್ ಆದೆ, ತಪ್ಪು ನಂದೇ, ಬಂದು ಎರಡನೇ ದಿನವೇ ಅಂಟಿಸಿದ್ದೆ. ಇನ್ನೊಂದು ಗುಂಪಲ್ಲಿ ಎರಡು ತಿಂಗಳು ಬರೀ ಉತ್ತರ ಕೊಟ್ಕೊಂಡಿದ್ದೆ, ಈಗ ನಾನ್ ಹಾಕ್ಬೇಕಾಗಿಲ್ಲ, ಯಾರಾದ್ರೂ ಕೇಳಿದ್ರೆ ಬೇರೆಯೋರೇ ನನ್ನ ಲಿಂಕ್ ಎಳ್ಕೊಂಡ್ ಬರ್ತಾರೆ. ಆ ಗುಂಪು ಯಾವ್ದು ಅಂತ ದಯವಿಟ್ಟು ಕೇಳ್ಬೇಡಿ.

ದುಡ್ಡು ಬಂತಾ ಅಂತ ಕೇಳ್ತೀರ. ಬ್ಲಾಗಲ್ಲಿ ಜಾಹೀರಾತು ತೋರ್ಸಿ ದುಡ್ಡು ಕೊಡೋ ಗೂಗಲ್ಲಿನ ಆಡ್‌ಸೆನ್ಸಲ್ಲಿ ನೂರು ಡಾಲರ್ ತುಂಬಿದ್ರೆ ತಾನೇ ಕೈಗೆ ಕೊಡೋದು, ಮೊದಲ ನೂರು ತುಂಬೋಕೆ ಎರಡು ವರ್ಷದ ಮೇಲೆ ಹಿಡೀತು, ಈಗ ಮೂರು ನಾಲ್ಕು ತಿಂಗಳಿಗೊಂದ್ಸಲ ತುಂಬುತ್ತೆ. ಬೂಸ್ಟಿಗೆ ಹಾಕಿದ್ದು ವಾಪಸ್ ಬಂದಾಯ್ತು, ಟೂಲಿಂದೂ ಬಂತು, ಮೈಕಿಂದು ಇನ್ನೂ ಬಾಕಿ ಇದೆ. 3000 ಜನ ಬಂದ ದಿನ ಸರ್ವರ್ ಕುಸಿದು ಬಿದ್ದು ದೊಡ್ಡ ಪ್ಲಾನಿಗೆ ಹೋಗ್ಬೇಕಾಯ್ತು, ಅದೂ ಖರ್ಚೇ.

ಆ ನಾಲ್ಕು ಜನ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಪೋಸ್ಟ್ ಓದೋ ನೂರು ಜನರಲ್ಲಿ 95 ಜನ ಬ್ಲಾಗ್ ಕಡೆ ತಲೆ ಹಾಕಲ್ಲ, ಅಲ್ಲೇ ಓದಿ ಅಲ್ಲೇ ಹೋಗ್ತಾರೆ. ಮುಂಚೆ ಲಿಂಕ್ ಎಸೀತಿದ್ದಾಗ ನೂರಕ್ಕೆ ಹತ್ತು ಜನ ಒತ್ತುತ್ತಿದ್ರೋ ಏನೋ, ಆದ್ರೆ ಆಗ ಪೋಸ್ಟ್ ತಲುಪ್ತಿದ್ದಿದ್ದೇ ನೂರು ಜನಕ್ಕೆ.

ಯಾವ ಹೊತ್ತಿಗೆ ಹಾಕ್ತೀಯ ಅಂತ ಒಬ್ಬ ಮೂರು ಸಲ ಕೇಳಿದಾನೆ. ಅದೊಂದು ಹೇಳಲ್ಲ, ಆದ್ರೆ ಆಮೇಲೆ ಒಂದು ಗಂಟೆ ರಿಪ್ಲೈ ಮಾಡೋಕೆ ಪುರುಸೊತ್ತಿಲ್ದೇ ಇರೋ ಹೊತ್ತಲ್ಲಂತೂ ಹಾಕಲ್ಲ. ಮೊನ್ನೆ ಬ್ರೇಕ್ ಕೇಬಲ್ ತುದಿ ಬಿಚ್ಕೊಳ್ಳೋದರ ಬಗ್ಗೆ ಒಂದು ತುಂಡು ಹಾಕ್ದೆ, ಲಿಂಕ್ ಕೊಡಿ ಅಂತ 17 ಜನ ಕಾಯ್ತಿದಾರೆ, ಲೇಖನ ನೋಡಿದ್ರೆ ಇನ್ನೂ ಅರ್ಧ ಬರ್ದಿಲ್ಲ. ಹೋಗ್ತೀನಿ.