ಒಂಬತ್ತು ಹಾಳೆಗಳಲ್ಲಿ ಒಂದು

ಮಂಗಳೂರಿನ ಸುತ್ತಲಿನ ಮುರಕಲ್ಲಿನ ಪಾದೆಗಳ ಮೇಲೆ ಜುಲೈಯಲ್ಲಿ ಮೊಳೆತು ನವೆಂಬರ್ ಹೊತ್ತಿಗೆ ಒಣಗಿ ಹಳದಿಯಾಗುವ ಗೇಣುದ್ದದ ಹುಲ್ಲೊಂದಿದೆ. ಪುಸ್ತಕಗಳ ಪ್ರಕಾರ ಅದೇ ಹುಲ್ಲು ನೀಲಗಿರಿಯಲ್ಲೂ ಇದೆ. ಎರಡನ್ನೂ ತಂದು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಅವು ದಾಯಾದಿಗಳಂತೆ ಕಂಡವೇ ಹೊರತು ಒಂದೇ ಗಿಡವಾಗಿ ಕಾಣಲಿಲ್ಲ. ಕರಾವಳಿಯದರ ತೆನೆಗೆ ಉದ್ದನೆಯ, ತಿರುಚಿದ ಸುಂಕು, ಅಂದರೆ ಕೂದಲಿನಂಥ ಎಳೆ. ಬೆಟ್ಟದ್ದರ ಸುಂಕು ತೆನೆಯಿಂದ ಹೊರಗೆ ಇಣುಕುವುದೂ ಇಲ್ಲ. ಎರಡು ಪ್ರಭೇದಗಳೆಂದು ಹೇಳಿಬಿಡುವುದು ಸುಲಭ. ಇರುವುದು ಒಂದೇ ಹೆಸರು, ಅದು ಯಾರ ಪಾಲಿಗೆ ಎಂದು ತೀರ್ಮಾನಿಸಲು ನನಗೆ ಎರಡು ವರ್ಷ ಹಿಡಿಯಿತು.

ಹುಲ್ಲಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಪ್ರಬಂಧ ಇನ್ನೂ ಅಚ್ಚಾಗಿಲ್ಲ, ಸರಿಯಾಗಿ ಪ್ರಕಟವಾಗುವವರೆಗೆ ನನ್ನ ಆಯ್ಕೆಗೆ ಬೆಲೆಯೂ ಇಲ್ಲ.

ಒಂದು ಹೆಸರಿಗೆ ಆಧಾರವಾಗಿ ನಿಲ್ಲುವ ಮಾದರಿಗೆ ಟೈಪ್ ಎನ್ನುತ್ತೇವೆ, ಹೆಸರು ಯಾರ ಪಾಲಿಗೆ ಎಂದು ಹೇಳುವುದು ಅದೇ. ಟೈಪ್ ಎಂದ ಕೂಡಲೇ ಆ ಪ್ರಭೇದದ ಅಚ್ಚುಕಟ್ಟಾದ ಪ್ರತಿನಿಧಿ ಎಂದು ವಿದ್ಯಾರ್ಥಿಗಳು ತಿಳಿಯುತ್ತಾರೆ. ಹಾಗಲ್ಲ. ಅದು ಹೆಸರನ್ನು ಕಟ್ಟಿಹಾಕಿದ ಗೂಟ. ಹಸು ಎಷ್ಟು ದೂರ ಮೇಯಲು ಹೋದರೂ ಹಗ್ಗದ ಇನ್ನೊಂದು ತುದಿ ಗೂಟದಲ್ಲೇ ಇರುತ್ತದೆ. ಮುಂದೆ ಯಾರಾದರೂ ಈ ಪ್ರಭೇದವನ್ನು ಎರಡಾಗಿ ಒಡೆದರೆ, ಟೈಪ್ ಯಾವ ಭಾಗಕ್ಕೆ ಬೀಳುತ್ತದೋ ಹಳೆಯ ಹೆಸರು ಆ ಭಾಗಕ್ಕೇ ಹೋಗುತ್ತದೆ. ಗೂಟ ಬಡಕಲಾಗಿರಬಹುದು, ಹುಳ ಹಿಡಿದಿರಬಹುದು. ಗೂಟ ಗಿಡವೇ ಆಗಿರಬೇಕೆಂದೂ ಇಲ್ಲ. ನಮ್ಮ ಅಡಿಕೆಗೆ ಲಿನೇಯಸ್ 1753ರಲ್ಲಿ ಕೊಟ್ಟ ಹೆಸರಿನ ಟೈಪ್ ಒಂದು ಚಿತ್ರ. ಅದು 1678ರಲ್ಲಿ ಹೊರಬಂದ ‘ಹೋರ್ಟಸ್ ಮಲಬಾರಿಕಸ್’ನ ಮೊದಲ ಸಂಪುಟದಲ್ಲಿದೆ. ಊರಿನ ಅಡಿಕೆ ಬೆಳೆಗಾರರೊಬ್ಬರಿಗೆ ಇದನ್ನು ಹೇಳಿದಾಗ ಅವರು ನಕ್ಕು, “ಹಾಗಾದರೆ ನಮ್ಮ ತೋಟದ್ದೆಲ್ಲ ನಕಲೋ?” ಎಂದು ಕೇಳಿದ್ದರು.

ನನ್ನ ಹುಲ್ಲಿನ ಮೂಲ ವಿವರಣೆ ಬರೆದವರು ಡಚ್ ಸಸ್ಯವಿಜ್ಞಾನಿ ಮಿಕೆಲ್. 1850ರಿಂದ 1852ರವರೆಗೆ ಮೂರು ಭಾಗಗಳಲ್ಲಿ ಬಂದ ‘ಅನಲೆಕ್ಟ ಬೊಟಾನಿಕ ಇಂಡಿಕ’ದಲ್ಲಿ ಅದಕ್ಕೆ ಸಿಕ್ಕಿದ್ದು ಲ್ಯಾಟಿನ್ನಿನ ಕೆಲವೇ ಸಾಲು. ಕೊನೆಯಲ್ಲಿ ಅವರು ಎರಡು ಸಂಗ್ರಹಗಳನ್ನು ಹೆಸರಿಸಿದ್ದಾರೆ, ಒಂದು ಕೆನರಾದ್ದು, ಇನ್ನೊಂದು ನೀಲಗಿರಿಯದು. ಇವುಗಳಲ್ಲಿ ಯಾವುದು ಟೈಪ್ ಎಂದು ಹೇಳುವ ಪದ್ಧತಿ ಆಗ ಇರಲಿಲ್ಲ. ಸಸ್ಯಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ನಿಯಮಾವಳಿಯ ಪ್ರಕಾರ ಹೊಸ ಹೆಸರಿನ ಜೊತೆಗೆ ಟೈಪನ್ನು ಸೂಚಿಸುವುದು ಕಡ್ಡಾಯವಾದದ್ದು 1958ರ ಜನವರಿ 1ರಿಂದ. ಮೂಲ ಲೇಖಕರು ಆರಿಸದೆ ಬಿಟ್ಟ ಕಡೆ ನಂತರದವರು ಅವರ ಸಾಮಗ್ರಿಯಿಂದಲೇ ಒಂದನ್ನು ಆರಿಸಿದರೆ ಅದು ಲೆಕ್ಟೊಟೈಪ್.

ಎರಡೂ ಸಂಗ್ರಹಗಳು ಬಂದದ್ದು ಬಾಸೆಲ್ ಮಿಷನ್ನಿನ ಮೆಟ್ಸ್ ಅವರಿಂದ. 1834ರಲ್ಲಿ ಮಂಗಳೂರಿಗೆ ಕಾಲಿಟ್ಟು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಅದೇ ಮಿಷನ್. ಕನ್ನಡ ಓದುಗರು ಅವರ ಅಚ್ಚುಕೂಟವನ್ನು ನೆನೆಯುತ್ತಾರೆ, ಹೆಂಚನ್ನು ನೆನೆಯುತ್ತಾರೆ. ಅವರು ಒತ್ತಿ ಒಣಗಿಸಿ ಹಡಗಿಗೆ ಹಾಕಿದ ಹುಲ್ಲನ್ನು ನೆನೆಯುವವರು ನಮ್ಮಂಥ ಕೆಲವರು ಮಾತ್ರ. ಒಣಗಿದ ಗಿಡಗಳು ಜರ್ಮನಿಯ ಎಸ್ಲಿಂಗೆನ್ನಿನಲ್ಲಿದ್ದ ಹೊಹೆನಾಕರ್ ಅವರನ್ನು ಸೇರುತ್ತಿದ್ದವು. ಅವರು ಅವನ್ನು ಪಾಲು ಮಾಡಿ, ಅಚ್ಚಿನ ಚೀಟಿ ಅಂಟಿಸಿ, ಕಟ್ಟು ಕಟ್ಟಾಗಿ ಯುರೋಪಿನ ಒಣಗಿಡ ಸಂಗ್ರಹಾಲಯಗಳಾದ ಹರ್ಬೇರಿಯಂಗಳಿಗೆ ಮಾರುತ್ತಿದ್ದರು. ಕೆನರಾದ ಗಿಡಗಳ ಚೀಟಿಯ ತಲೆಬರಹದಲ್ಲಿ ‘ಟೆರ್ರ ಕನಾರ’ ಎಂದಿರುತ್ತದೆ. ಅಂದರೆ ಒಂದೇ ಸಂಗ್ರಹಕ್ಕೆ ಒಂದಲ್ಲ, ಗಿಡ ಅಂಟಿಸಿದ ಹಲವು ಹಾಳೆಗಳು, ಹಲವು ದೇಶಗಳಲ್ಲಿ.

ಆ ಚೀಟಿಯೇ ನನ್ನನ್ನು ದಾರಿ ತಪ್ಪಿಸಿದ್ದು. ಅದೇ ಎಸ್ಲಿಂಗೆನ್ನಿನ ಸಸ್ಯವಿಜ್ಞಾನಿ ಹೊಖ್‌ಸ್ಟೆಟರ್ ಈ ಹುಲ್ಲಿಗೆ ಹೆಸರಿಟ್ಟಿದ್ದರು, ಹೊಹೆನಾಕರ್ ಅದನ್ನು ಎಲ್ಲ ಚೀಟಿಗಳ ಮೇಲೂ ಅಚ್ಚು ಹಾಕಿಸಿದ್ದರು. ವಿವರಣೆ ಇಲ್ಲ, ಹೆಸರಷ್ಟೇ. ಇಂಥದ್ದನ್ನು ಲ್ಯಾಟಿನ್ನಿನಲ್ಲಿ ಬತ್ತಲೆ ಹೆಸರು ಎನ್ನುತ್ತಾರೆ, ನಿಯಮದ ಮುಂದೆ ಅದಕ್ಕೆ ಮಾನವಿಲ್ಲ. ಬಟ್ಟೆ ತೊಡಿಸಿದವರು ಮಿಕೆಲ್. ಆದರೆ ಹೆಸರು ಅಚ್ಚಾಗಿರುವುದರಿಂದ ಪ್ರತಿ ಹಾಳೆಯೂ “ನಾನೇ ಮೂಲ” ಎನ್ನುವಂತೆ ತೋರುತ್ತದೆ. ಜಾಲತಾಣಗಳಲ್ಲಿ ಸಿಕ್ಕ ಚಿತ್ರಗಳನ್ನು ನೋಡಿ, ಉಳಿದ ಕಡೆ ಪತ್ರ ಬರೆದು, ಕೆನರಾದ ಒಂಬತ್ತು ಹಾಳೆಗಳನ್ನು ಪಟ್ಟಿ ಮಾಡಿದೆ. ಬರ್ಲಿನ್ನಿನ ಸಂಗ್ರಹದ ಬಹುಪಾಲು 1943ರ ಮಾರ್ಚ್‌ನ ಬಾಂಬು ದಾಳಿಯಲ್ಲಿ ಸುಟ್ಟುಹೋಗಿರುವುದರಿಂದ ಅಲ್ಲಿಂದ ಏನನ್ನೂ ನಿರೀಕ್ಷಿಸಿರಲಿಲ್ಲ.

ಒಂಬತ್ತರಲ್ಲಿ ಒಂದು ಹಾಳೆ ಕಣ್ಣಿಗೆ ಹಬ್ಬ. ಬೇರಿನಿಂದ ತೆನೆಯವರೆಗೆ ನಾಲ್ಕು ಪೂರ್ಣ ಗಿಡಗಳು, ಒಂದು ಎಲೆಯೂ ಮುರಿದಿಲ್ಲ. ನಾನು ಅದನ್ನೇ ಲೆಕ್ಟೊಟೈಪ್ ಎಂದು ಬರೆದು ಹಸ್ತಪ್ರತಿ ಮುಗಿಸಿದ್ದೆ. ಅದನ್ನು ಓದಿದ ಹಿರಿಯ ಸಹೋದ್ಯೋಗಿ ಅಂಚಿನಲ್ಲಿ ಒಂದೇ ಪ್ರಶ್ನೆ ಬರೆದಿದ್ದರು: “ಇದನ್ನು ಮಿಕೆಲ್ ನೋಡಿದ್ದರೇ?” ನನ್ನಲ್ಲಿ ಉತ್ತರವಿರಲಿಲ್ಲ. ಆ ಹಾಳೆ ಬೇರೊಬ್ಬರು ಕೊಂಡ ಕಟ್ಟಿನದು, ಅದರ ಮೇಲೆ ಮಿಕೆಲ್ ಕೈಯ ಒಂದು ಗೀಟೂ ಇಲ್ಲ. ನಾನು ಮದುವೆಗೆ ಹೆಣ್ಣು ನೋಡುವವರ ಹಾಗೆ ರೂಪ ನೋಡಿ ಆರಿಸಿದ್ದೆ.

ಮಿಕೆಲ್ ಅವರ ಸ್ವಂತ ಸಂಗ್ರಹ ಉಟ್ರೆಕ್ಟ್‌ನಲ್ಲಿತ್ತು, ಈಗ ಲೈಡನ್ನಿನ ವಸ್ತುಸಂಗ್ರಹಾಲಯ ನ್ಯಾಚುರಾಲಿಸ್‌ನಲ್ಲಿದೆ. ಅಲ್ಲಿನ ಹಾಳೆಯನ್ನು ನಾನು ಮೊದಲೇ ನೋಡಿದ್ದೆ, ಪಟ್ಟಿಯಲ್ಲಿ ಅದರ ಮುಂದೆ “ಕಳಪೆ” ಎಂದು ಬರೆದುಕೊಂಡಿದ್ದೆ. ಈಗ ಚಿತ್ರವನ್ನು ದೊಡ್ಡದು ಮಾಡಿ ಮೂಲೆ ಮೂಲೆ ನೋಡಿದಾಗ ಚೀಟಿಯ ಕೆಳಗೆ ಮಸುಕಾದ ಶಾಯಿಯಲ್ಲಿ ಎರಡು ಸಾಲು ಲ್ಯಾಟಿನ್ ಕಂಡಿತು. ಅವರದೇ ಬರವಣಿಗೆ ಎಂದು ಗೊತ್ತಿರುವ ಬೇರೆ ಹಾಳೆಗಳ ಅಕ್ಷರಗಳನ್ನು ಪಕ್ಕದಲ್ಲಿಟ್ಟು ಒಂದು ವಾರ ಹೋಲಿಸಿದೆ. ಕೈಬರಹ ಹೋಲಿಸುವಾಗ ಆಸೆಯೇ ಶತ್ರು, ಬೇಕಾದ ಅಕ್ಷರ ಎಲ್ಲೆಲ್ಲೂ ಕಾಣುತ್ತದೆ. ಹಾಗಾಗಿ ಯಾವುದು ಯಾರ ಕೈ ಎಂದು ಹೇಳದೆ ಸಹೋದ್ಯೋಗಿಗೂ ಕೊಟ್ಟೆ. ಅವರೂ ಅದನ್ನೇ ಗುರುತಿಸಿದರು. ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಮುದ್ರಿತ ವಿವರಣೆಯಲ್ಲಿತ್ತು: ಸುಂಕಿನ ಬಗ್ಗೆ ಅಲ್ಲಿರುವ ಮಾತುಗಳೇ ಈ ಎರಡು ಸಾಲಿನಲ್ಲೂ ಇದ್ದವು.

ಇಲ್ಲಿಗೆ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಹಾಳೆಯ ಎಡಗಡೆಯ ಗಿಡ ಬೇರೆಯದೇ ಎಂದು ಗೊತ್ತಾಯಿತು. ಪಾದೆಯ ಮೇಲೆ ಈ ಹುಲ್ಲುಗಳು ಒಂದರ ಬುಡದಲ್ಲಿ ಇನ್ನೊಂದು ಬೆಳೆಯುತ್ತವೆ, ಕಿತ್ತಾಗ ಎರಡೂ ಕೈಗೆ ಬರುತ್ತವೆ. ನನಗೇ ಎಷ್ಟೋ ಸಲ ಹೀಗಾಗಿದೆ, ಮೆಟ್ಸ್ ಅವರನ್ನು ದೂರುವುದು ಹೇಗೆ? ಬಲಗಡೆಯ ಎರಡು ಗಿಡಗಳು ವಿವರಣೆಗೆ ಹೊಂದುತ್ತವೆ, ಆದರೆ ತೆನೆಗಳು ಅರ್ಧ ಉದುರಿವೆ. ಹಾಳೆಗೆ ಅಂಟಿಸಿದ ಪುಟ್ಟ ಲಕೋಟೆಯೊಳಗೆ ಏನಿದೆ ಎಂದು ಚಿತ್ರದಲ್ಲಿ ಕಾಣುವುದಿಲ್ಲ. ಅಲ್ಲಿನವರಿಗೆ ಪತ್ರ ಬರೆದೆ. ಮೂರು ವಾರದ ನಂತರ ಅವರು ಲಕೋಟೆ ಬಿಚ್ಚಿ, ಉದುರಿದ ಕಿರುತೆನೆಗಳನ್ನು ಅಳತೆಪಟ್ಟಿಯ ಜೊತೆಗಿಟ್ಟು ತೆಗೆದ ಚಿತ್ರ ಕಳಿಸಿದರು. ಉದ್ದನೆಯ, ತಿರುಚಿದ ಸುಂಕು. ನಮ್ಮ ಕರಾವಳಿಯದೇ. ಎಡಗಡೆಯ ಗಿಡವನ್ನು ಹೊರತುಪಡಿಸಿ, ಬಲಗಡೆಯ ಗಿಡಗಳು ಮತ್ತು ಲಕೋಟೆಯ ಚೂರುಗಳು ಮಾತ್ರ ಎಂದು ಬರೆದೆ. ಇದನ್ನು ಬರೆಯದೆ ಬಿಟ್ಟರೆ ಐವತ್ತು ವರ್ಷದ ನಂತರ ಇನ್ನೊಬ್ಬರು ನನ್ನನ್ನು ಬೈಯುತ್ತಾರೆ.

ಕೆನರಾವನ್ನು ಬಿಟ್ಟು ನೀಲಗಿರಿಯನ್ನು ಆರಿಸಿದ್ದರೆ? ಆ ಸ್ವಾತಂತ್ರ್ಯ ನನಗಿದೆ ಎಂದೇ ತಿಳಿದಿದ್ದೆ. ಹಸ್ತಪ್ರತಿ ಎರಡನೆಯ ಸಲ ಮುಗಿಯುವ ಹೊತ್ತಿಗೆ, ಬೇರೇನನ್ನೋ ಹುಡುಕುತ್ತಾ 1970ರ ದಶಕದ ಒಂದು ಪ್ರಾದೇಶಿಕ ಸಸ್ಯಸಂಪುಟವನ್ನು ತಿರುವಿದಾಗ ಈ ಹೆಸರಿನ ಕೆಳಗೆ “ಟೈಪ್: ಮಂಗಳೂರು, ಹೊಹೆನಾಕರ್” ಎಂದಿತ್ತು. ಅಷ್ಟೇ. ಯಾವ ಹರ್ಬೇರಿಯಂ ಎಂದಿಲ್ಲ, ಏಕೆ ಎಂದಿಲ್ಲ. ಆದರೆ ಹರ್ಬೇರಿಯಂನ ಹೆಸರು ಹೇಳಲೇಬೇಕೆಂಬ ನಿಯಮ 1990ರಿಂದ ಈಚಿನದು. ಹಾಗಾಗಿ ಆ ಮೂರು ಪದಗಳೇ ಮೊದಲ ಹಂತದ ಆಯ್ಕೆ. ನೀಲಗಿರಿ ಆವತ್ತೇ ಹೊರಗೆ ಹೋಗಿತ್ತು. ನನಗೆ ಉಳಿದದ್ದು ಕೆನರಾದ ಒಂಬತ್ತರಲ್ಲಿ ಒಂದನ್ನು ಹೇಳುವ ಎರಡನೆಯ ಹಂತ ಮಾತ್ರ. ಸಾಹಿತ್ಯಶೋಧವನ್ನು ಕೊನೆಗೆ ಇಟ್ಟುಕೊಂಡ ನನ್ನ ಮೈಗಳ್ಳತನಕ್ಕೆ ಆ ವಾರ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಅದೃಷ್ಟಕ್ಕೆ ನನ್ನ ಆಯ್ಕೆ ಆ ಸಂಪುಟದ ದಾರಿಯಲ್ಲೇ ಇತ್ತು. ಎದುರು ದಿಕ್ಕಿನಲ್ಲಿ ಅಚ್ಚಾಗಿದ್ದರೆ ನನ್ನದು ಮೊದಲ ದಿನದಿಂದಲೇ ಅಸಿಂಧು.

ಇನ್ನೊಂದು ಸಣ್ಣ ವಿಷಯ. 2001ರಿಂದ ಈಚೆಗೆ “ಇಲ್ಲಿ ನಿಯೋಜಿಸಲಾಗಿದೆ” ಎಂಬ ಅರ್ಥದ ಮಾತು ಇಲ್ಲದಿದ್ದರೆ ಆಯ್ಕೆ ನಿಲ್ಲುವುದಿಲ್ಲ. ಹನ್ನೊಂದು ಪುಟ ವಾದ ಬರೆದ ನಾನು ಆ ಮಾತನ್ನೇ ಬಿಟ್ಟಿದ್ದೆ, ಪರಿಶೀಲಕರು ಹಿಡಿದರು.

ಈಗ ನೀಲಗಿರಿಯ ಹುಲ್ಲು ಹೆಸರಿಲ್ಲದೆ ನಿಂತಿದೆ. ಹೊಸ ಹೆಸರಿಡುವ ಮೊದಲು, ಸಮಾನಾರ್ಥಕಗಳೆಂದು ಪಕ್ಕಕ್ಕೆ ಸರಿಸಿದ ಹಳೆಯ ಹೆಸರುಗಳಲ್ಲಿ ಯಾವುದಾದರೂ ಅದರದ್ದೇ ಇರಬಹುದೇ ಎಂದು ನೋಡಬೇಕು. ಅಂಥವು ಮೂರಿವೆ. ಈ ಸಲ ಸಾಹಿತ್ಯಶೋಧದಿಂದಲೇ ಶುರುಮಾಡಿದ್ದೇನೆ. ಮೊದಲನೆಯ ಹೆಸರಿನ ಹಾಳೆ ನಿನ್ನೆ ಸಿಕ್ಕಿತು: ಒಳ್ಳೆಯ ಗಿಡ, ತುಂಬಿದ ತೆನೆ. ಚೀಟಿಯಲ್ಲಿ ಸಂಖ್ಯೆಯೂ ಇಲ್ಲ, ಊರೂ ಇಲ್ಲ.